ಬಣ್ಣದ ಕೆಳಗಿನ ವಿಮಾನ

ಹಳೆಯ ವಿಮಾನದ ಚಿತ್ರ ತೆಗೆದವರ ಕೈ ಪಳಗಿದೆಯೋ ಇಲ್ಲವೋ ತಿಳಿಯಲು ಪ್ರೊಪೆಲ್ಲರ್ ನೋಡಿದರೆ ಸಾಕು. ಜೆಟ್‌ಗಳಿಗೆ ಒಗ್ಗಿದವರು ಶಟರ್ ವೇಗವನ್ನು 1/1000 ಸೆಕೆಂಡಿಗೆ ಇಟ್ಟುಬಿಡುತ್ತಾರೆ. ರೆಕ್ಕೆಯ ರಿವೆಟ್‌ಗಳನ್ನು ಎಣಿಸಬಹುದು, ಅಷ್ಟು ಸ್ಪಷ್ಟ. ಆದರೆ ಪ್ರೊಪೆಲ್ಲರ್ ಅಲ್ಲಾಡದೆ ನಿಂತಿರುತ್ತದೆ, ವಿಮಾನ ದಾರಕ್ಕೆ ತೂಗುಹಾಕಿದ ಆಟಿಕೆಯಾಗುತ್ತದೆ. 1/125ಕ್ಕೋ ಇನ್ನೂ ಕೆಳಗೋ ಇಳಿಸಿ, ವಿಮಾನ ಸಾಗಿದಂತೆ ಸೊಂಟದ ಮೇಲಿನ ಮೈಯನ್ನೆಲ್ಲ ತಿರುಗಿಸುತ್ತ ಕ್ಲಿಕ್ಕಿಸಬೇಕು. ಆಗ ಪ್ರೊಪೆಲ್ಲರ್ ಮಸುಕು ಬಿಲ್ಲೆಯಾಗಿ ವಿಮಾನಕ್ಕೆ ಜೀವ ಬರುತ್ತದೆ. ತೆಗೆದ ಚಿತ್ರಗಳಲ್ಲಿ ಬಹುಪಾಲು ಹಾಳಾಗುತ್ತವೆ, ಅದು ಈ ಹವ್ಯಾಸದ ತೆರಿಗೆ. ಯಲಹಂಕದಲ್ಲಿ ಫೆಬ್ರವರಿಯ ಮಧ್ಯಾಹ್ನ ರನ್‌ವೇಯಿಂದ ಏಳುವ ಬಿಸಿಗಾಳಿಯ ನಡುಕ ಬೇರೆ.

ಈ ಕಸುಬು ಇಂದು ಎಷ್ಟು ಎತ್ತರಕ್ಕೆ ಏರಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅಮೆರಿಕದ ಫಿಲಿಪ್ ಮಕಾನ್ನ ಎರಡನೇ ಮಹಾಯುದ್ಧದ ವಿಮಾನಗಳನ್ನು ಆಕಾಶದಲ್ಲೇ ಸೆರೆಹಿಡಿದು ತಂದ ‘ಘೋಸ್ಟ್ಸ್’ ಪುಸ್ತಕ, ಕ್ಯಾಲೆಂಡರುಗಳ ಪ್ರಭಾವ ಇಂದಿಗೂ ಏರ್ ಶೋ ಬೇಲಿಯ ಬಳಿ ನಿಂತ ಪ್ರತಿ ಕ್ಯಾಮೆರಾದ ಮೇಲಿದೆ: ಮೋಡ, ಓರೆ ಬೆಳಕು, 1944ರಿಂದ ಈಚಿನದೇನೂ ಕಣ್ಣಿಗೆ ಬೀಳದ ಚೌಕಟ್ಟು. ನನ್ನ ತಕರಾರು ಇರುವುದು ಆ ಚೌಕಟ್ಟಿನ ಬಗ್ಗೆಯೇ. ಇಂಥ ಚಿತ್ರ ಬಣ್ಣವನ್ನು ನಂಬುತ್ತದೆ. ಹಳೆಯ ವಿಮಾನದಲ್ಲಿ ಎಲ್ಲಕ್ಕಿಂತ ಹೊಸದು ಅದರ ಬಣ್ಣವೇ.

ಅಮೆರಿಕದ ಏರ್ ಶೋಗಳಲ್ಲಿ ವರ್ಷಗಟ್ಟಲೆ ಹಾರಿದ ‘ವಿಚ್‌ಕ್ರಾಫ್ಟ್’ ಎಂಬ ಬಿ-24 ಲಿಬರೇಟರ್ ಬಾಂಬರನ್ನೇ ತೆಗೆದುಕೊಳ್ಳಿ. ಮೂಲ ‘ವಿಚ್‌ಕ್ರಾಫ್ಟ್’ ಇಂಗ್ಲೆಂಡಿನಿಂದ ಹಾರಿ 130 ಬಾರಿ ದಾಳಿ ಮಾಡಿ ಬಂದ ವಿಮಾನ, ಅದು ಉಳಿದಿಲ್ಲ. ಹೆಸರು ಹೊತ್ತಿರುವುದು 1944ರಲ್ಲಿ ಟೆಕ್ಸಾಸ್‌ನ ಫೋರ್ಟ್‌ವರ್ತ್‌ನಲ್ಲಿ ತಯಾರಾಗಿ ಬ್ರಿಟಿಷ್ ವಾಯುಪಡೆಗೆ ಸೇರಿದ ಇನ್ನೊಂದು. ಯುದ್ಧ ಮುಗಿದಾಗ ಬ್ರಿಟಿಷರು ತಮ್ಮ ಲಿಬರೇಟರ್‌ಗಳನ್ನು ಕಾನ್ಪುರದಲ್ಲಿ ಬಿಟ್ಟುಹೋದರು. ಯಾರ ಉಪಯೋಗಕ್ಕೂ ಬಾರದಿರಲೆಂದು ಜಖಂ ಮಾಡಿಯೇ ಹೋದರು. 1948ರಲ್ಲಿ ಭಾರೀ ಬಾಂಬರ್ ಕೊಳ್ಳುವ ಹಣವಿಲ್ಲದ ಹೊಸ ದೇಶ ಆ ರಾಶಿಯ ಕಡೆಗೆ ತಿರುಗಿತು. ಬೆಂಗಳೂರಿನ ಎಚ್‌ಎಎಲ್ ಕೆಲಸಗಾರರು ಕಾನ್ಪುರಕ್ಕೆ ಹೋಗಿ, ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಒಮ್ಮೆ ಹಾರಿದರೆ ಸಾಕು ಎಂಬಷ್ಟು ಸರಿಪಡಿಸುತ್ತಿದ್ದರು. ಎಚ್‌ಎಎಲ್‌ನ ಪೈಲಟ್ ಜಮ್‌ಷೆಡ್ ಮುನ್ಶಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಪೂರ್ತಿ ರಿಪೇರಿ ನಡೆದದ್ದು ಇಲ್ಲಿ. ಆ ವಿಮಾನಗಳು 1968ರವರೆಗೂ ದೇಶದ ಸಮುದ್ರ ಕಾದವು.

ಇಂದಿನ ‘ವಿಚ್‌ಕ್ರಾಫ್ಟ್’ ಅವುಗಳಲ್ಲೊಂದು. ನಮ್ಮ ವಾಯುಪಡೆಯಲ್ಲಿ ಅದರ ಸಂಖ್ಯೆ ಎಚ್‌ಇ771. ನಿವೃತ್ತಿಯ ನಂತರ 1981ರವರೆಗೆ ಮೂಲೆಯಲ್ಲಿ ಬಿದ್ದಿತ್ತು; ಬ್ರಿಟನ್ನಿನ ಸಂಗ್ರಾಹಕರೊಬ್ಬರು ಕೊಂಡು ಬಿಚ್ಚಿ ಸಾಗಿಸಿದರು, 1984ರಲ್ಲಿ ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಕೈಗೆ ಬಂತು, 1989ರಲ್ಲಿ ಮತ್ತೆ ಹಾರಿತು. ಆಮೇಲೆ ಅದರ ಮೈಮೇಲೆ ಒಂದರ ನಂತರ ಒಂದು ವೇಷ: ಮೊದಲು ‘ಆಲ್ ಅಮೆರಿಕನ್’, ಬಳಿಕ ಬಾಲದವರೆಗೂ ಚಾಚಿದ ಡ್ರ್ಯಾಗನ್, 2005ರಿಂದ ‘ವಿಚ್‌ಕ್ರಾಫ್ಟ್’. ಈ ಮೂರು ವೇಷಗಳಲ್ಲೂ ಅದರ ಚಿತ್ರಗಳಿಗೆ ಲೆಕ್ಕವಿಲ್ಲ. ಅದು ನಿಜಕ್ಕೂ ದುಡಿದ ಎರಡು ವಾಯುಪಡೆಗಳ ಗುರುತು ಮಾತ್ರ ಮೂರರಲ್ಲೂ ಇಲ್ಲ.

ಇದನ್ನು ಮೋಸ ಎಂದು ಕರೆಯಲಾರೆ. ಹಾರುವ ಬಾಂಬರನ್ನು ಸಾಕುವ ಖರ್ಚು ಭಯಂಕರ. ಅದನ್ನು ಕೊಡುವವರು ಯುರೋಪಿನ ಮೇಲೆ ಹಾರಿದ ಅಜ್ಜಂದಿರ ನೆನಪಿಗೆ ಹಣ ಕೊಡುತ್ತಾರೆಯೇ ಹೊರತು ಪುಣೆಯಿಂದ ಅರಬ್ಬಿ ಸಮುದ್ರ ಸುತ್ತಿ ಬಂದ ಬೇಸರದ ಗಸ್ತಿಗಲ್ಲ. ವೇಷ ಹಾಕಿಸುವವರಿಗೆ ಕಾರಣವಿದೆ. ವೇಷದ ಚಿತ್ರ ತೆಗೆದು ಅಡಿಯಲ್ಲಿ ಪಾತ್ರದ ಹೆಸರನ್ನಷ್ಟೇ ಬರೆದು ಸುಮ್ಮನಾಗುವ ಛಾಯಾಗ್ರಾಹಕರಿಗೆ ಆ ಕಾರಣವೂ ಇಲ್ಲ.

ಇಂಗ್ಲೆಂಡಿನ ಡಕ್ಸ್‌ಫರ್ಡ್‌ನ ಸ್ಪಿಟ್‌ಫೈರ್ ಎಂವಿ293 ಕತೆ ಇನ್ನೂ ಹತ್ತಿರದ್ದು. 1945ರಲ್ಲಿ ಭಾರತಕ್ಕೆ ಬಂದ ಇದು ಜಾಲಹಳ್ಳಿಯ ವಾಯುಪಡೆ ತಾಂತ್ರಿಕ ಕಾಲೇಜಿನಲ್ಲಿ ‘ಟಿ20’ ಎಂಬ ಪಾಠದ ವಿಮಾನವಾಗಿತ್ತು. ಹುಡುಗರು ಬಿಚ್ಚಿ ಜೋಡಿಸಿ ಕಲಿಯಲೆಂದೇ ಇದ್ದದ್ದು. 1978ರಲ್ಲಿ ಬ್ರಿಟನ್ನಿಗೆ ಮರಳಿ, 1992ರಲ್ಲಿ ಹಾರಿದಾಗ ಹೆಸರಾಂತ ಪೈಲಟ್ ಜಾನಿ ಜಾನ್ಸನ್ ಅವರ ವಿಮಾನದ ‘ಜೆಇ-ಜೆ’ ಅಕ್ಷರಗಳನ್ನೂ ಎಂವಿ268 ಎಂಬ ಅವರ ವಿಮಾನದ ಸಂಖ್ಯೆಯನ್ನೂ ಹೊತ್ತಿತು. ಮುದ್ದಾದ ವಿಮಾನ, ಬಗೆಬಗೆಯ ಮುದ್ದಾದ ಚಿತ್ರಗಳು. ಜಾನ್ಸನ್ ವಿಮಾನ ಎಂದು ಪೋಸ್ಟರ್ ಅಂಟಿಸಿಕೊಂಡ ಬೆಂಗಳೂರಿನ ಹುಡುಗನಿಗೆ ಅದು ತನ್ನ ಊರಿನಲ್ಲೇ ಪಾಠ ಹೇಳಿದ ವಿಮಾನ ಎಂದು ತಿಳಿಸುವವರು ಯಾರು?

ಮೂಲ ಹುಡುಕುವುದು ಅಷ್ಟು ಕಷ್ಟದ ಕೆಲಸವೂ ಅಲ್ಲ. ಬಾಲದ ಸಂಖ್ಯೆ ಬದಲಾಗುತ್ತದೆ, ನಾಗರಿಕ ನೋಂದಣಿ ಬದಲಾಗುತ್ತದೆ, ಕಾರ್ಖಾನೆಯ ನಿರ್ಮಾಣ ಸಂಖ್ಯೆ ಬದಲಾಗುವುದಿಲ್ಲ. ಒಳಗೆ ತಗಡಿನ ಫಲಕದ ಮೇಲೆ ಅದು ಅಚ್ಚಾಗಿರುತ್ತದೆ. ಅದು ಸಿಕ್ಕರೆ ವಾಯುಪಡೆಯ ಕಾರ್ಡುಗಳಲ್ಲಿ, ನೋಂದಣಿ ಪುಸ್ತಕಗಳಲ್ಲಿ ಹಿಂದಕ್ಕೆ ನಡೆಯಬಹುದು. ಫಲಕದ ಸಂಖ್ಯೆ ಹಳೆಯದು, ಸುತ್ತಲಿನ ಲೋಹ ಬಹುಪಾಲು ಹೊಸದು ಎನ್ನುವಂಥ ಪುನರುದ್ಧಾರಗಳೂ ಇವೆ. 1940ರಲ್ಲಿ ಕ್ಯಾಲೆ ತೀರದ ಮರಳಿನಲ್ಲಿ ಇಳಿದು ನಾಲ್ಕು ದಶಕ ಹೂತುಹೋಗಿದ್ದ ಸ್ಪಿಟ್‌ಫೈರ್ ಪಿ9374 ಮತ್ತೆ 2011ರಲ್ಲಿ ಹಾರಿತು. ಸಮುದ್ರದ ಉಪ್ಪು ತಿಂದ ಲೋಹ ಎಷ್ಟು ಹಾರೀತು ಎಂದು ಊಹಿಸಿ. ಅದು ‘ಅದೇ’ ವಿಮಾನವೇ ಎಂಬ ಪ್ರಶ್ನೆಯನ್ನು ಯಾವ ಚಿತ್ರವೂ ಬಗೆಹರಿಸದು. ಆದರೆ ಹೊಸ ರಿವೆಟ್ ಸಾಲಿನ ಪಕ್ಕ ಹಳೆಯ ತಗಡಿನ ತೇಪೆ ಕಾಣುವ ಒಂದು ಚಿತ್ರ ಆ ಪ್ರಶ್ನೆಯನ್ನು ಎತ್ತಬಲ್ಲದು. ಅಂಥ ಚಿತ್ರ ತೆಗೆಯುವವರು ಕಡಿಮೆ.

ಇದು ಬರೀ ಹವ್ಯಾಸಿಗಳ ಗೀಳು ಎನ್ನುವವರು 2019ರ ಅಕ್ಟೋಬರ್ 2ನ್ನು ನೆನೆಯಬೇಕು. ಅಂದು ಕನೆಕ್ಟಿಕಟ್‌ನ ಬ್ರಾಡ್ಲಿ ವಿಮಾನ ನಿಲ್ದಾಣದಲ್ಲಿ ‘ನೈನ್-ಒ-ನೈನ್’ ಎಂಬ ಬಿ-17 ಅಪಘಾತಕ್ಕೀಡಾಗಿ ಏಳು ಜನ ಸತ್ತರು. ಅದೂ ಎರವಲು ಹೆಸರೇ. ಆ ಹೆಸರಿನ ಮೂಲ ಬಾಂಬರ್ ಯುದ್ಧ ಮುಗಿದ ಮೇಲೆ ಗುಜರಿಗೆ ಹೋಗಿತ್ತು. ಬಿದ್ದ ವಿಮಾನ 1952ರಲ್ಲಿ ನೆವಾಡದಲ್ಲಿ ಮೂರು ಪರಮಾಣು ಸ್ಫೋಟಗಳ ಎದುರು ಪರೀಕ್ಷೆಗೆ ನಿಂತಿತ್ತು, ನಂತರ ಕಾಡ್ಗಿಚ್ಚು ನಂದಿಸಿತ್ತು. ಅಪಘಾತದ ತನಿಖೆ ಎಂಜಿನ್‌ಗಳ ನಿರ್ವಹಣೆಯ ಲೋಪಗಳನ್ನು ಎತ್ತಿ ತೋರಿಸಿತು. ಚಿತ್ರಗಳಲ್ಲಿ ಮಾತ್ರ ಅದು ಕೊನೆಯವರೆಗೂ ಅಜೇಯ.

ನಮ್ಮ ಮನೆಯ ಲೆಕ್ಕವನ್ನೂ ನೋಡೋಣ. 2018ರಲ್ಲಿ ವಾಯುಪಡೆಯ ವಿಂಟೇಜ್ ಫ್ಲೈಟ್‌ಗೆ ಸೇರಿದ ಡಕೋಟಾ ‘ಪರಶುರಾಮ’, ಆಗ ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದ ರಾಜೀವ್ ಚಂದ್ರಶೇಖರ್ ಅವರ ಕೊಡುಗೆ. ಅವರ ತಂದೆ ವಾಯುಪಡೆಯ ಡಕೋಟಾ ಪೈಲಟ್. ಬಾಲದ ಮೇಲಿರುವ ವಿಪಿ905 ಎಂಬ ಸಂಖ್ಯೆ 1947ರ ಅಕ್ಟೋಬರ್ 27ರಂದು ಸಿಖ್ ಸೈನಿಕರನ್ನು ಶ್ರೀನಗರದಲ್ಲಿ ಇಳಿಸಿದ ವಿಮಾನದ್ದು. ಈ ವಿಮಾನ ಆ ವಿಮಾನವಲ್ಲ. ಇದು ಬ್ರಿಟನ್ನಿನ ನಾಗರಿಕ ಡಕೋಟಾ ಜಿ-ಎಎಂಎಸ್‌ವಿ, ಕಡಲ ಮೇಲೆ ಚೆಲ್ಲಿದ ತೈಲಕ್ಕೆ ಔಷಧ ಸಿಂಪಡಿಸಲು ಸಜ್ಜಾಗಿದ್ದುದು. ಸ್ಮಾರಕವಾಗಿ ಆ ಸಂಖ್ಯೆಗೆ ನನ್ನ ಪೂರ್ತಿ ಒಪ್ಪಿಗೆಯಿದೆ. ಶ್ರೀನಗರದ ವಿಮಾನ ಯಾವುದೆಂದು ಮಕ್ಕಳಿಗೆ ತೋರಿಸಲು ಏನಾದರೂ ಬೇಕು. ಒಪ್ಪಿಗೆ ಇಲ್ಲದಿರುವುದು ‘ಕಾಶ್ಮೀರ ಉಳಿಸಿದ ವಿಮಾನ ಮತ್ತೆ ಹಾರಿತು’ ಎಂಬಂಥ ಚಿತ್ರಶೀರ್ಷಿಕೆಗೆ. ತೈಲ ತೊಳೆದ ಬದುಕೇನು ಕಡಿಮೆಯದೇ? ಶೀರ್ಷಿಕೆಯಲ್ಲಿ ಇನ್ನೊಂದು ಸಾಲು ಸೇರಿಸಿದರೆ ಎರಡೂ ಬದುಕು ಉಳಿಯುತ್ತವೆ.

ವೇಷ ಹಾಕದ ಲಿಬರೇಟರ್ ಒಂದಿದೆ, ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂನಲ್ಲಿ. 1974ರಲ್ಲಿ ಭಾರತದಿಂದ ಹಾರಿಕೊಂಡೇ ಹೋದ ಎಚ್‌ಇ807 ಅದು. ಈಗ ಅದರ ಮೇಲಿರುವುದು ಯುದ್ಧಕಾಲದ ಅದರದೇ ಸಂಖ್ಯೆ, ಕೆಎನ್751. ನಮ್ಮ ವಾಯುಪಡೆಯ ವರ್ಷಗಳು ಅಲ್ಲೂ ಬಣ್ಣದ ಕೆಳಗೆ ಹೋಗಿವೆ ನಿಜ, ಆದರೂ ಇನ್ನೊಬ್ಬರ ಹೆಸರನ್ನು ಅದು ಹೊತ್ತಿಲ್ಲ. ಅದು ಹಾರುವುದಿಲ್ಲ, ಪ್ರೊಪೆಲ್ಲರ್ ಮಸುಕಾಗಿಸುವ ಕೈಚಳಕಕ್ಕೆ ಅಲ್ಲಿ ಕೆಲಸವಿಲ್ಲ. ಹಾಗಾಗಿ ಏರ್ ಶೋ ಕ್ಯಾಲೆಂಡರುಗಳು ಅದನ್ನು ಕೇಳುವುದೂ ಇಲ್ಲ.