ಚಿದಂಬರದ ಪರದೆಯೂ ‘ಜನತೆ’ ಎಂಬ ಶಬ್ದವೂ

ಒಂದು ಕೃತಿಯ ಬೆಲೆಯನ್ನು ನಿಶ್ಚಯಿಸುವುದಕ್ಕೆ ಅದು ಹುಟ್ಟಿದ ಕಾಲವೊಂದೇ ಪ್ರಮಾಣವಾಗಲಾರದು. ಅನಂತರದ ಕಾಲವೂ ಅದಕ್ಕೆ ಭಾಷ್ಯವನ್ನು ಬರೆಯುತ್ತ ಹೋಗುತ್ತದೆ. ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ವು ಇಂತಹ ಕೃತಿಗಳಲ್ಲಿ ಒಂದು. ೧೯೮೫ರಲ್ಲಿ ಪ್ರಕಟವಾಗಿ, ೧೯೮೭ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರವಾದ ಈ ಕಾದಂಬರಿಯನ್ನು ಪತ್ತೇದಾರಿಯ ಕಥೆಯೆಂದು ಓದಿ, ನಕ್ಕು, ಮುಚ್ಚಿಟ್ಟವರೇ ಹೆಚ್ಚು. ಗ್ರಂಥಕರ್ತರು ೨೦೦೭ರಲ್ಲಿ ತೀರಿಕೊಂಡರು. ಆ ಬಳಿಕ ಲೋಕದಲ್ಲಿ, ಅದರಲ್ಲಿಯೂ ಬಹು ದೂರದ ಜರ್ಮನಿಯಲ್ಲಿ, ನಡೆದಿರುವ ಸಂಗತಿಗಳನ್ನು ಕಂಡವರು ಈ ಗ್ರಂಥವನ್ನು ಮತ್ತೊಮ್ಮೆ ಬೇರೆ ಕಣ್ಣಿನಿಂದ ಓದಬೇಕಾಗಿದೆ.

ಕಥೆಯ ಸ್ಥಳ ಕೆಸರೂರು. ಅದು ಕಲ್ಪಿತವಾದ ಊರಾದರೂ ಸಕಲೇಶಪುರ, ಆಲೂರುಗಳ ವಾಚಕರಿಗೆ ಅಪರಿಚಿತವಲ್ಲ. ಗ್ರಂಥಕರ್ತರು ಬಾಳಿದ ಮೂಡಿಗೆರೆಯ ಸೀಮೆಗೂ ಈ ಬೆಟ್ಟಗಳಿಗೂ ಸುರಿಯುವ ಮಳೆ ಒಂದೇ, ಬೆಳೆಯುವ ಬೆಳೆ ಒಂದೇ. ಕೆಸರೂರಿನಲ್ಲಿ ಏಲಕ್ಕಿಯ ಇಳುವರಿ ಕುಗ್ಗುತ್ತಿದೆ. ಏಲಕ್ಕಿಯ ಸಂಶೋಧನೆಯಲ್ಲಿದ್ದ ಜೋಗಿಹಾಳ್ ಎಂಬ ವಿಜ್ಞಾನಿಯ ಮರಣವು ಸಂಶಯಕ್ಕೆಡೆಯಾಗಿದೆ. ಅದರ ಶೋಧನೆಗೆಂದು ಅಂಗಡಿ ಎಂಬ ಅಧಿಕಾರಿ ಬರುತ್ತಾನೆ. ತೋಟದ ಸಾಹುಕಾರ ಕೃಷ್ಣೇಗೌಡ, ವ್ಯಾಪಾರಿ ಸುಲೇಮಾನ್ ಬ್ಯಾರಿ, ಕ್ರಾಂತಿಯ ಮಾತನಾಡುವ ತರುಣರು, ಮತದ ಗೆರೆಯನ್ನು ಮೀರಿ ಪ್ರೀತಿಸುವ ಜಯಂತಿ ಮತ್ತು ರಫಿ, ಇವರೆಲ್ಲರೂ ಒಂದೇ ಬೀದಿಯಲ್ಲಿ ಓಡಾಡುತ್ತಾರೆ. ಊರ ಸುತ್ತಲಿನ ಕಾಡನ್ನು ಲಂಟಾನವು ತಬ್ಬಿಕೊಂಡಿದೆ. ಕಡೆಗೆ ಬೆಂಕಿ ಬೀಳುತ್ತದೆ.

ಈ ಕಥೆಯಲ್ಲಿ ನಾಯಕನೆಂದು ಹೇಳಬಹುದಾದ ಪುರುಷನಿಲ್ಲ. ನಿಜವಾದ ನಾಯಕಪದವಿ ಗಾಳಿಮಾತಿಗೆ ಸಲ್ಲಬೇಕು. ಬೆಟ್ಟದಲ್ಲಿ ಹೊಗೆಯನ್ನು ಕಂಡು ಬೆಂಕಿಯುಂಟೆಂದು ಊಹಿಸುವುದು ತರ್ಕಶಾಸ್ತ್ರದ ಬಾಲಪಾಠ. ಆದರೆ ಮಂಜನ್ನೇ ಹೊಗೆಯೆಂದು ಭ್ರಮಿಸಿದವನ ಊಹೆಯು ದುಷ್ಟವಾಗುತ್ತದೆಂಬುದೂ ಅದೇ ಶಾಸ್ತ್ರದ ಎಚ್ಚರಿಕೆ. ಮಂಜಿನಿಂದಲೇ ಮಂಜರಾಬಾದೆಂಬ ಹೆಸರು ಬಂದಿತೆಂದು ಹೇಳುವ ಈ ಸೀಮೆಯಲ್ಲಿ ಇದನ್ನು ವಿವರಿಸಬೇಕಾದುದಿಲ್ಲ. ಕೆಸರೂರಿನ ಜನರು ಪ್ರತಿನಿತ್ಯವೂ ಮಂಜನ್ನು ಕಂಡು ಹೊಗೆಯೆನ್ನುತ್ತಾರೆ; ಹೊಗೆಯಿದ್ದ ಮೇಲೆ ಬೆಂಕಿಯಿಟ್ಟವನು ಇರಲೇಬೇಕೆನ್ನುತ್ತಾರೆ; ಆ ಮೇಲೆ ಇಟ್ಟವನು ಯಾರೆಂದು ಹುಡುಕಲು ಹೊರಡುತ್ತಾರೆ. ಇಂತಹ ಹುಡುಕಾಟವು ನೆರೆಮನೆಯನ್ನು ದಾಟಿ ದೂರ ಹೋಗುವುದು ಅಪೂರ್ವ.

ಏಲಕ್ಕಿಯ ಕಥೆಯನ್ನೇ ವಿಚಾರಿಸಿ ನೋಡಬಹುದು. ಈ ಬೆಟ್ಟಗಳಲ್ಲಿ ಏಲಕ್ಕಿ ಇಳಿಮುಖವಾದುದಕ್ಕೆ ಕಾರಣಗಳು ಗೂಢವಾದುವಲ್ಲ. ಕಟ್ಟೆರೋಗವೆಂಬ ನಂಜುರೋಗವನ್ನು ಸಣ್ಣ ಹೇನಿನಂತಹ ಕೀಟವೊಂದು ಗಿಡದಿಂದ ಗಿಡಕ್ಕೆ ಹರಡುತ್ತದೆ. ಹೆಮ್ಮರಗಳ ನೆರಳು ತೆಳುವಾದಂತೆಲ್ಲ ಮಣ್ಣಿನ ತೇವವೂ ತೆಳುವಾಯಿತು. ಇವೆರಡರ ಮೇಲೆ, ಮಧ್ಯ ಅಮೆರಿಕಾದ ಗ್ವಾಟೆಮಾಲಾ ದೇಶವು ಏಲಕ್ಕಿಯನ್ನು ಅಪಾರವಾಗಿ ಬೆಳೆದು ಲೋಕದ ಪೇಟೆಯನ್ನು ಆಕ್ರಮಿಸಿತು. ಆ ದೇಶಕ್ಕೆ ಏಲಕ್ಕಿಯನ್ನು ಒಯ್ದವನು ಮೊದಲನೆಯ ಮಹಾಯುದ್ಧಕ್ಕೆ ಮುನ್ನ ಅಲ್ಲಿ ಕಾಫಿ ಬೆಳೆಯುತ್ತಿದ್ದ ಒಬ್ಬ ಜರ್ಮನ್ ತೋಟಗಾರನೆಂಬುದು ಇಲ್ಲಿ ನೆನೆಯತಕ್ಕ ವಿಚಿತ್ರ. ಆದರೆ ಕೀಟದ ಮೇಲೆ ಭಾಷಣ ಮಾಡಿ ಚಪ್ಪಾಳೆ ಪಡೆಯಲಾಗದು. ಸಂತೆಯಲ್ಲಿ ನಿಂತು ಕೂಗಿದರೆ ಗ್ವಾಟೆಮಾಲಾಕ್ಕೆ ಕೇಳಿಸದು. ನೆರೆಯವನಿಗಾದರೋ ಒಡನೆಯೇ ಕೇಳಿಸುತ್ತದೆ. ನಷ್ಟದ ಕಾರಣವು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವೋ ಕೈಗೆ ಎಟುಕದಷ್ಟು ದೂರವೋ ಆದಾಗ, ಕಾಣುವ ಮತ್ತು ಎಟುಕುವ ಮನುಷ್ಯನನ್ನು ಅದರ ಸ್ಥಾನದಲ್ಲಿ ನಿಲ್ಲಿಸುವುದೇ ಈ ಕಾಲದ ಜನರಂಜಕ ರಾಜಕಾರಣದ ಮೂಲಸೂತ್ರ. ತೇಜಸ್ವಿಯವರು ಈ ಸೂತ್ರವನ್ನು ಎಲ್ಲಿಯೂ ಬಾಯಿಬಿಟ್ಟು ಹೇಳಲಿಲ್ಲ. ಒಂದು ಊರಿನ ಹರಟೆಯಲ್ಲಿ ಅದನ್ನು ಧ್ವನಿಯಾಗಿಸಿದರು.

ಈಗ ಜರ್ಮನಿಯ ವೃತ್ತಾಂತ. ಅಲ್ಲಿ ಹಿಂದೆ ನಡೆದುದು ವಿದ್ಯಾವಂತರಿಗೆ ತಿಳಿದೇ ಇದೆ. ೧೯೨೮ರ ಚುನಾವಣೆಯಲ್ಲಿ ಶತಕಡಾ ೨.೬ ಮತಗಳನ್ನು ಪಡೆದ ಹಿಟ್ಲರನ ಪಕ್ಷವು, ಲಕ್ಷೋಪಲಕ್ಷ ಮಂದಿ ಕೆಲಸವನ್ನು ಕಳೆದುಕೊಂಡ ಬಳಿಕ, ೧೯೩೨ರ ಜುಲೈ ತಿಂಗಳಲ್ಲಿ ಶತಕಡಾ ೩೭.೩ ಮತಗಳನ್ನು ಪಡೆಯಿತು. ಎರಡನೆಯ ಮಹಾಯುದ್ಧದ ಅನಂತರ ಆ ದೇಶದವರು ಎಚ್ಚರಿಕೆಯಿಂದ ಸಂವಿಧಾನವನ್ನು ರಚಿಸಿಕೊಂಡರು. ಶತಕಡಾ ೫ಕ್ಕಿಂತ ಕಡಮೆ ಮತ ಪಡೆದ ಪಕ್ಷಕ್ಕೆ ಸಾಮಾನ್ಯವಾಗಿ ಲೋಕಸಭೆಯಲ್ಲಿ ಸ್ಥಾನವಿಲ್ಲವೆಂಬ ನಿಯಮವನ್ನೂ ಮಾಡಿಕೊಂಡರು. ೨೦೧೩ರಲ್ಲಿ ‘ಜರ್ಮನಿಗೆ ಪರ್ಯಾಯ’ ಎಂಬರ್ಥದ ಹೆಸರಿನ ಹೊಸ ಪಕ್ಷವೊಂದು ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಿದ್ದರು. ಅವರ ಆಗಿನ ಆಕ್ಷೇಪಣೆಯೆಲ್ಲವೂ ಯೂರೋ ನಾಣ್ಯವನ್ನು ಕುರಿತುದಾಗಿತ್ತು. ಆ ವರ್ಷ ಪಕ್ಷಕ್ಕೆ ದೊರೆತುದು ಶತಕಡಾ ೪.೭, ಬಾಗಿಲು ತೆರೆಯಲಿಲ್ಲ. ೨೦೧೫ರಲ್ಲಿ ಸುಮಾರು ೮.೯ ಲಕ್ಷ ಮಂದಿ ಆಶ್ರಯಾರ್ಥಿಗಳು ಆ ದೇಶವನ್ನು ಸೇರಿದರು. ಅದೇ ವರ್ಷ ಸ್ಥಾಪಕರಲ್ಲಿ ಪ್ರಮುಖನಾದ ಬೆರ್ನ್ಡ್ ಲುಕ್ಕೆ ಎಂಬ ಪ್ರಾಧ್ಯಾಪಕನು ಪಕ್ಷವನ್ನು ತ್ಯಜಿಸಿದನು. ನಾಣ್ಯದ ಮಾತು ಹಿಂದೆ ಸರಿದು ಪರದೇಶಿಯ ಮಾತು ಮುಂದೆ ಬಂದಿತು. ೨೦೧೭ರಲ್ಲಿ ಶತಕಡಾ ೧೨.೬, ೨೦೨೧ರಲ್ಲಿ ೧೦.೩, ೨೦೨೫ರ ಫೆಬ್ರವರಿಯಲ್ಲಿ ೨೦.೮, ಹೀಗೆ ಅದು ದೇಶದ ಎರಡನೆಯ ದೊಡ್ಡ ಪಕ್ಷವಾಯಿತು. ೨೦೨೪ರ ಸೆಪ್ಟೆಂಬರಿನಲ್ಲಿ ತುರಿಂಗಿಯಾ ಪ್ರಾಂತದಲ್ಲಿ ಶತಕಡಾ ೩೨.೮ ಮತಗಳೊಡನೆ ಮೊದಲನೆಯ ಸ್ಥಾನವನ್ನೇ ಪಡೆಯಿತು.

ಇದರಲ್ಲಿ ವಿಚಾರವಂತರು ಗಮನಿಸಬೇಕಾದ ಅಂಶವೊಂದಿದೆ. ಈ ಪಕ್ಷಕ್ಕೆ ಅತ್ಯಧಿಕ ಬಲವಿರುವುದು ಪರದೇಶಿಯರು ಹೆಚ್ಚಾಗಿರುವ ಪಶ್ಚಿಮದ ನಗರಗಳಲ್ಲಲ್ಲ. ಅವರು ಬಹಳ ಕಡಮೆಯಿರುವ ಪೂರ್ವದ ಪ್ರಾಂತಗಳಲ್ಲಿ. ೧೯೯೦ರಲ್ಲಿ ಎರಡು ಜರ್ಮನಿಗಳು ಒಂದಾದ ಮೇಲೆ ಪೂರ್ವಭಾಗದ ಕಾರ್ಖಾನೆಗಳು ಮುಚ್ಚಿದುವು ಅಥವಾ ಪರಭಾರೆಯಾದುವು, ತರುಣರು ಊರುಬಿಟ್ಟು ಪಶ್ಚಿಮಕ್ಕೆ ಹೋದರು, ಮುದುಕರು ಉಳಿದರು. ನಷ್ಟವು ನಿಜ, ದುಃಖವೂ ನಿಜ. ಆದರೆ ಆ ನಷ್ಟವನ್ನುಂಟುಮಾಡಿದವನು ಇಪ್ಪತ್ತೈದು ವರ್ಷಗಳ ಅನಂತರ ಸಿರಿಯಾದಿಂದ ಓಡಿಬಂದ ನಿರಾಶ್ರಿತನಲ್ಲ. ಕೆಸರೂರಿನ ಏಲಕ್ಕಿಯ ನ್ಯಾಯವೇ ಇಲ್ಲಿಯೂ ಕಾಣುವುದು.

ಶಬ್ದವಿಚಾರವನ್ನು ಬಲ್ಲವರಿಗೆ ಇನ್ನೊಂದು ನಿದರ್ಶನವು ರುಚಿಸಬಹುದು. ೧೯೮೯ರಲ್ಲಿ ಪೂರ್ವಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಸೋಮವಾರದ ಸಂಜೆಗಳಲ್ಲಿ ಬೀದಿಗಿಳಿದ ಜನರು ‘ನಾವೇ ಜನತೆ’ ಎಂಬರ್ಥದ ಘೋಷಣೆಯನ್ನು ಮಾಡಿದರು. ಜನತೆಯ ಹೆಸರಿನಲ್ಲಿ ಆಳುತ್ತಿದ್ದ ಪ್ರಭುಗಳಿಗೆ ಅವರು ಕೊಟ್ಟ ಉತ್ತರವದು. ೨೦೧೪ರ ಕೊನೆಯಲ್ಲಿ ಡ್ರೆಸ್ಡೆನ್ ನಗರದಲ್ಲಿ ಮುಸಲ್ಮಾನರ ಆಗಮನವನ್ನು ವಿರೋಧಿಸಿದ ಮೆರವಣಿಗೆಗಳಲ್ಲಿ, ಅದೂ ಸೋಮವಾರದ ಸಂಜೆಗಳಲ್ಲಿಯೇ, ಅದೇ ಘೋಷಣೆ ಮತ್ತೆ ಕೇಳಿಬಂದಿತು. ಅಕ್ಷರವೊಂದೂ ಬದಲಾಗಲಿಲ್ಲ, ವಾಚ್ಯಾರ್ಥವೂ ಬದಲಾಗಲಿಲ್ಲ. ಬದಲಾದುದು ವ್ಯಂಗ್ಯಾರ್ಥ. ಮೊದಲು ‘ನೀವಲ್ಲ, ನಾವು’ ಎಂಬ ಮಾತು ಮೇಲಿನವರನ್ನು ಕುರಿತಿದ್ದಿತು. ಅನಂತರ ಪಕ್ಕದವರನ್ನು ಕುರಿತಿತು. ‘ಜನತೆ’ ಎಂಬ ಶಬ್ದವು ಎಲ್ಲರನ್ನೂ ಒಳಕೊಳ್ಳುವಾಗ ಪ್ರಜಾಪ್ರಭುತ್ವ. ಕೆಲವರನ್ನು ಹೊರಗಿಡುವ ಬೇಲಿಯಾದಾಗ ಅದರ ವಿಕಾರ. ವ್ಯಾಕರಣಕ್ಕೆ ಈ ಭೇದ ಕಾಣಿಸದು, ಸಹೃದಯನಿಗೆ ಕಾಣಿಸಬೇಕು.

ಕಾದಂಬರಿಯ ನಾಮಕರಣದ ಔಚಿತ್ಯವು ಇಲ್ಲಿ ಪ್ರಕಾಶವಾಗುತ್ತದೆ. ಚಿದಂಬರ ಕ್ಷೇತ್ರದಲ್ಲಿ ಪರದೆಯನ್ನು ಸರಿಸಿದಾಗ ಕಾಣುವುದು ಮೂರ್ತಿಯಲ್ಲ. ಬರಿಯ ಅವಕಾಶ, ಅದರ ಮುಂದೆ ತೂಗುವ ಬಂಗಾರದ ಬಿಲ್ವದ ಮಾಲೆಗಳು. ಭಕ್ತನಿಗೆ ಆ ಆಕಾಶವು ಶೂನ್ಯವಲ್ಲ, ಸರ್ವವ್ಯಾಪಿಯಾದ ತತ್ತ್ವ. ಜನರಂಜಕರ ಪರದೆಯ ಹಿಂದೆಯೂ ಅವಕಾಶವೇ ಇದೆ. ಆದರೆ ಅದರಲ್ಲಿ ವ್ಯಾಪಿಸಿರುವ ತತ್ತ್ವವಿಲ್ಲ. ಆ ಬರಿದನ್ನು ೨೦೧೩ರಲ್ಲಿ ನಾಣ್ಯದಿಂದ ತುಂಬಬಹುದು, ೨೦೧೫ರಲ್ಲಿ ನಿರಾಶ್ರಿತನಿಂದ ತುಂಬಬಹುದು. ಅದನ್ನು ಕಟ್ಟಿದ ಪ್ರಾಧ್ಯಾಪಕನೇ ಹೊರಟುಹೋದರೂ ಪರದೆ ಮಾತ್ರ ತೂಗುತ್ತಲೇ ಇರುತ್ತದೆ. ಜೋಗಿಹಾಳನ ಮರಣದ ರಹಸ್ಯದ ಸುತ್ತ ಕೆಸರೂರಿನ ಒಬ್ಬೊಬ್ಬನೂ ತನಗೆ ಬೇಕಾದ ಕಥೆಯನ್ನು ಕಟ್ಟಿಕೊಳ್ಳುವುದು ಇಂತಹುದೇ ವ್ಯಾಪಾರ.

ಇಲ್ಲಿ ಒಂದು ಆಕ್ಷೇಪಣೆಯುಂಟಾಗಬಹುದು. ಯೂರೋಪಿನ ರಾಜಕಾರಣವನ್ನು ಮಲೆನಾಡಿನ ಕಾದಂಬರಿಗೆ ಹೊಂದಿಸುವುದು ಕಾಕತಾಲೀಯವಲ್ಲವೇ? ಭೇದಗಳು ನಿಶ್ಚಯವಾಗಿಯೂ ಇವೆ. ಜರ್ಮನಿಯಲ್ಲಿ ‘ಪರಕೀಯ’ನೆನಿಸಿಕೊಂಡವನು ಬಹುಮಟ್ಟಿಗೆ ಹೊಸದಾಗಿ ಬಂದವನು, ಕೆಸರೂರಿನಲ್ಲಿ ಅವನು ಎಷ್ಟೋ ತಲೆಮಾರುಗಳ ನೆರೆಯವನು. ಅಲ್ಲದೆ ಈ ದೋಷವು ಒಂದು ಪಕ್ಷದ ಸೊತ್ತೂ ಅಲ್ಲ. ಕನ್ನಡನಾಡಿನಲ್ಲಿ ಮತ, ಜಾತಿ, ಭಾಷೆ, ನದಿಯ ನೀರು ಎಂಬ ನಾನಾ ಹೆಸರುಗಳಲ್ಲಿ ‘ನಿಜವಾದ ಜನರು ನಾವೇ’ ಎಂಬ ಮಾತನ್ನು ಬೇರೆ ಬೇರೆ ಬಾವುಟಗಳ ಕೆಳಗಿನಿಂದ ಆಡಿರುವುದುಂಟು. ಆದರೂ ಸಾದೃಶ್ಯವು ವ್ಯರ್ಥವಲ್ಲ. ಕಾದಂಬರಿ ಪ್ರಕಟವಾಗಿ ಹದಿನೈದು ವರ್ಷ ತುಂಬುವುದರೊಳಗೆ, ನೆರೆಯ ಚಿಕ್ಕಮಗಳೂರು ಜಿಲ್ಲೆಯಲ್ಲಿ ದತ್ತಾತ್ರೇಯನನ್ನೂ ದಾದಾ ಹಯಾತ್ ಮೀರ್ ಕಲಂದರನನ್ನೂ ಒಂದೇ ಗುಹೆಯಲ್ಲಿ ನೆನೆಯುತ್ತಿದ್ದ ಬಾಬಾಬುಡನ್‌ಗಿರಿಯು ಮೆರವಣಿಗೆ, ಬಂದೋಬಸ್ತು, ವ್ಯಾಜ್ಯಗಳ ವಿಷಯವಾಯಿತು. ಕವಿಯು ಭವಿಷ್ಯವನ್ನು ನುಡಿಯಲಿಲ್ಲ. ವರ್ತಮಾನವನ್ನು ಸರಿಯಾಗಿ ಕಂಡಿದ್ದನು, ಅಷ್ಟೆ.

ಸ್ವದೇಶಿ ಪರದೇಶಿ ಎಂಬ ವಾದವನ್ನು ಈ ಬೆಟ್ಟಗಳ ತೋಟವೇ ಖಂಡಿಸುತ್ತದೆಂಬುದನ್ನೂ ಹೇಳಬೇಕು. ಏಲಕ್ಕಿ ಇಲ್ಲಿಯದೇ ಗಿಡ. ಅದು ರೋಗದಿಂದ ಸೊರಗಿತು. ಕಾಫಿ ಅರಬ್ಬೀ ಸೀಮೆಯಿಂದ ಬಂದುದು; ಬಾಬಾಬುಡನರು ಅದರ ಬೀಜವನ್ನು ಆ ಗಿರಿಗೇ ತಂದರೆಂದು ಐತಿಹ್ಯ. ಈಗ ಈ ಸೀಮೆಯ ಮನೆಮನೆಗೂ ಅನ್ನವನ್ನಿಕ್ಕುತ್ತಿರುವುದು ಅದೇ. ಅದಕ್ಕೆ ನೆರಳು ಕೊಡುವ ಸಿಲ್ವರ್ ಮರ ಆಸ್ಟ್ರೇಲಿಯಾದ್ದು. ಆ ಮರಕ್ಕೆ ಹಬ್ಬುವ ಮೆಣಸಿನ ಬಳ್ಳಿ ಮಾತ್ರ ಇಲ್ಲಿಯದು. ಅಮೆರಿಕಾದಿಂದ ಅಲಂಕಾರಕ್ಕೆಂದು ಬಂದ ಲಂಟಾನವಾದರೋ ಕಾಡನ್ನು ಕೆಡಿಸಿತು. ಹೊರಗಿನಿಂದ ಬಂದುದೆಲ್ಲವೂ ಲಂಟಾನವೂ ಅಲ್ಲ, ಕಾಫಿಯೂ ಅಲ್ಲ. ಒಂದೊಂದನ್ನೂ ಅದರ ಫಲದಿಂದಲೇ ತೂಗಬೇಕು. ಮೊದಲು ಘಟ್ಟದ ಕೆಳಗಿನಿಂದಲೂ ತಮಿಳು ಸೀಮೆಯಿಂದಲೂ, ಈಗೀಗ ಅಸ್ಸಾಮಿನಿಂದಲೂ ಬಂದು ಹಣ್ಣು ಬಿಡಿಸುವ ಆಳುಗಳನ್ನು ಕುರಿತು ಮಾತನಾಡುವಾಗ ತೋಟದ ಮನೆಗಳ ಜಗಲಿಯಲ್ಲಿ ಈ ವಿವೇಕವು ಎಷ್ಟು ಸಲ ನೆನಪಾಗುತ್ತದೆಂಬುದು ಬೇರೆಯ ಪ್ರಶ್ನೆ.

ಇಷ್ಟು ಗುಣವನ್ನು ಹೇಳಿದ ಮೇಲೆ ದೋಷವನ್ನು ಹೇಳದೆ ಬಿಡುವುದು ವಿಮರ್ಶೆಯ ಧರ್ಮವಲ್ಲ. ಕಾದಂಬರಿಯ ದೋಷವು ಅದರ ಬೆಂಕಿಯಲ್ಲಿದೆ. ಹಾಸ್ಯದಿಂದ ಮೊದಲಾಗಿ ಭಯಾನಕದಲ್ಲಿ ಮುಗಿಯುವ ರಸಸಂಕ್ರಮಣವು ಅದ್ಭುತವೆಂಬುದರಲ್ಲಿ ಸಂದೇಹವಿಲ್ಲ. ಮಾನವರು ಕ್ಷುದ್ರವಾದ ಕಲಹಗಳಲ್ಲಿ ಮುಳುಗಿರುವಾಗ ಅವರ ಅಲಕ್ಷ್ಯದಿಂದ ಒಣಗಿನಿಂತ ಲಂಟಾನವೇ ಮೃತ್ಯುವಾಗುವ ಕಲ್ಪನೆಯು ಗಂಭೀರವಾದುದು. ಆದರೆ ಕಾಡ್ಗಿಚ್ಚು ಎಲ್ಲರಿಗೂ ಸಮಾನವಾದ ದಂಡನೆ. ಸುಳ್ಳನ್ನು ಹುಟ್ಟಿಸಿದವನು, ಹರಡಿದವನು, ಕೇಳಿ ಸುಮ್ಮನಿದ್ದವನು ಎಂಬ ತಾರತಮ್ಯವು ಅದರಲ್ಲಿ ಬೂದಿಯಾಗುತ್ತದೆ. ವಾಚಕನು ನಿಟ್ಟುಸಿರು ಬಿಟ್ಟು, ಆ ಮೂವರಲ್ಲಿ ತಾನು ಯಾರೆಂದು ಕೇಳಿಕೊಳ್ಳದೆ, ಪುಸ್ತಕವನ್ನು ಮುಚ್ಚುತ್ತಾನೆ.

ಲೋಕದಲ್ಲಿ ಹೀಗೆ ನಡೆಯುವುದು ಕಡಮೆ. ೪.೭ ಎಂಬ ಅಂಕಿಯು ೨೦.೮ ಆಗುವುದಕ್ಕೆ ಹನ್ನೆರಡು ವರ್ಷ ಹಿಡಿಯಿತು. ಆ ಹನ್ನೆರಡು ವರ್ಷಗಳಲ್ಲಿ ಊರು ಸುಟ್ಟುಹೋಗಲಿಲ್ಲ. ಅಂಗಡಿಗಳು ತೆರೆದಿದ್ದುವು, ಶಾಲೆಗಳು ನಡೆದುವು, ಜನರು ಸಾಲುಗಟ್ಟಿ ನಿಂತು ಮತವನ್ನಿತ್ತು ಮನೆಗೆ ಹೋದರು. ನಡುವೆ ೧೦.೩ಕ್ಕೆ ಇಳಿದುದೂ ಉಂಟು; ಆದುದರಿಂದ ಇದು ತಡೆಯಲಾಗದ ವಿಧಿಯೂ ಅಲ್ಲ. ಬೆಂಕಿಯನ್ನು ಯಾರಾದರೂ ಗುರುತಿಸಬಲ್ಲರು. ಸಭ್ಯವಾದ ಭಾಷೆಯಲ್ಲಿ, ಪ್ರಾಧ್ಯಾಪಕರ ತರ್ಕದೊಡನೆ, ಊಟದ ಮನೆಗೂ ಪಡಸಾಲೆಗೂ ಬರುವ ಮಂಜನ್ನು ಗುರುತಿಸುವುದು ಕಷ್ಟ. ಗಾಳಿಮಾತು ಬೀದಿಯಲ್ಲಿ ಹುಟ್ಟಿದರೂ ಅದಕ್ಕೆ ಮಡಿಯನ್ನುಡಿಸಿ ಮಾನ್ಯತೆಯನ್ನು ಕೊಡುವುದು ವಿದ್ಯಾವಂತರ ಮನೆಯೇ. ಈ ಪಾತ್ರವನ್ನು ‘ಚಿದಂಬರ ರಹಸ್ಯ’ವು ಸಾಕಷ್ಟು ಹತ್ತಿರದಿಂದ ನೋಡಲಿಲ್ಲವೆಂದೇ ಹೇಳಬೇಕಾಗುತ್ತದೆ.

ಆದರೂ ಕನ್ನಡದಲ್ಲಿ ಈ ವಿಷಯಕ್ಕೆ ಇಷ್ಟು ಸಮೀಪವಾಗಿ ಹೋದ ಕೃತಿಗಳು ವಿರಳ. ಹಾಗೆ ಹೋಗಿಯೂ ಉಪದೇಶಕ್ಕೆ ಇಳಿಯದವು ಇನ್ನೂ ವಿರಳ. ಶಾಲೆಯ ಹಿರಿಯ ತರಗತಿಗಳಲ್ಲಿಯೂ ಗೃಹಸ್ಥರ ಓದುಕೂಟಗಳಲ್ಲಿಯೂ ಇದನ್ನು ಪತ್ತೇದಾರಿಯ ಕಥೆಯಾಗಿ ಒಮ್ಮೆ ಓದಿ ನಗಲಿ. ಅದು ಗ್ರಂಥಕರ್ತರಿಗೆ ಸಲ್ಲತಕ್ಕ ಗೌರವವೇ. ಎರಡನೆಯ ಸಲ ಓದುವಾಗ ಪ್ರತಿಯೊಂದು ವದಂತಿಯ ಪಕ್ಕದಲ್ಲಿಯೂ ಅದನ್ನು ಮೊದಲು ಹೇಳಿದವರಾರು, ಅವರಿಗೆ ಅದು ತಿಳಿದ ಬಗೆ ಯಾವುದು ಎಂದು ಗುರುತು ಹಾಕಿಕೊಳ್ಳುತ್ತ ಹೋದರೆ, ಜೋಗಿಹಾಳನ ರಹಸ್ಯ ಬಯಲಾಗದಿದ್ದರೂ ಕೆಸರೂರಿನ ರಹಸ್ಯ ಬಯಲಾಗುವುದು.