ಪರದೇಶದಲ್ಲಿ ಒಲೆ ಹೂಡಿದ ಸಂಸಾರ: ಮೂರು ಕನ್ನಡ ಕಾದಂಬರಿಗಳು

ಪರದೇಶವನ್ನು ಕುರಿತ ಬರವಣಿಗೆಗೆ ಕನ್ನಡದಲ್ಲಿ ಕೊರತೆಯಿಲ್ಲ. ಗೋಕಾಕರ ‘ಸಮುದ್ರದಾಚೆಯಿಂದ’ ಮೊದಲ್ಗೊಂಡು ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ತನಕ ಸೊಗಸಾದ ಪ್ರವಾಸ ಕಥನಗಳು ನಮ್ಮಲ್ಲಿವೆ. ಗೊರೂರರ ಗ್ರಂಥಕ್ಕೆ ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವೂ ದೊರೆಯಿತು. ಇಂತಹ ಪುಸ್ತಕಗಳನ್ನು ನಾವು ಓದಿ ಸಂತೋಷಪಟ್ಟಿದ್ದೇವೆ. ಮಕ್ಕಳಿಗೆ ಓದಿ ಹೇಳಿ ನಗಿಸಿಯೂ ಇದ್ದೇವೆ. ಆದರೆ ಮರಳಿ ಬರುವ ಟಿಕೇಟನ್ನು ಜೇಬಿನಲ್ಲಿಟ್ಟುಕೊಂಡವನಿಗೆ ಕಾಣುವ ಊರೇ ಬೇರೆ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ ಅಲ್ಲಿಯೇ ಒಲೆ ಹೂಡಿದವನಿಗೆ ಕಾಣುವ ಊರೇ ಬೇರೆ. ಮೊದಲನೆಯವನಿಗೆ ಅಲ್ಲಿಯ ಹಿಮ ಒಂದು ನೋಟ. ಎರಡನೆಯವನಿಗೆ ಅದು ಬೆಳಿಗ್ಗೆ ಎದ್ದು ಬಾಗಿಲ ಮುಂದಿನಿಂದ ಸಲಿಕೆಯಲ್ಲಿ ಎತ್ತಿಹಾಕಬೇಕಾದ ಕೆಲಸ. ಈ ಎರಡನೆಯವನ ಸಂಸಾರವನ್ನು ನಮ್ಮ ಕಾದಂಬರಿಕಾರರು ಎಷ್ಟರಮಟ್ಟಿಗೆ ಕಂಡಿದ್ದಾರೆ ಎಂಬುದೇ ಪ್ರಕೃತ ಲೇಖನದ ವಿಷಯ.

ಗೋನೆಗಂಡ್ಲದಲ್ಲಿ ಕುಳಿತವರಿಗೆ ಈ ವಿಚಾರವೇಕೆ ಎಂದು ಯಾರಾದರೂ ಕೇಳಬಹುದು. ಕರ್ನೂಲು ಜಿಲ್ಲೆಯ ಈ ಪಶ್ಚಿಮ ಭಾಗದವರಿಗೆ ವಲಸೆ ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ನಮ್ಮ ಹಳ್ಳಿಗಳ ಜನ ಹತ್ತಿ ಬಿಡಿಸಲು, ಮೆಣಸಿನಕಾಯಿ ಕೀಳಲು ಗುಂಟೂರಿನ ಕಡೆಗೆ ಹೋಗುವರು. ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋಗುವರು. ಇದಕ್ಕೆ ‘ಸುಗ್ಗಿಗೆ ಹೋದರು’ ಎಂಬ ಮಾತೇ ಬಳಕೆಯಲ್ಲಿದೆ. ಸುಗ್ಗಿ ಅವರದಲ್ಲ, ಬೇರೆಯವರದು. ಹೊಲದ ಬದುವಿನಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದಲ್ಲಿಗೆ ಮನೆಯಾಯಿತು. ಶಾಲೆಯಲ್ಲಿ ಕುಳಿತ ನಮಗೆ ಅದು ತಿಳಿಯುವುದು ಹಾಜರಿ ಪುಸ್ತಕದಿಂದ. ಇನ್ನು ನೆರೆಯ ಆದವಾನಿಯವರದು ಮತ್ತೊಂದು ಬಗೆ. ೧೯೫೩ರ ಅಕ್ಟೋಬರ್ ಒಂದರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದಾಗ ಅಲ್ಲಿಯ ಕನ್ನಡದ ಮನೆಗಳು ಕುಳಿತ ಜಗುಲಿಯಿಂದ ಏಳದೆಯೇ ಬೇರೊಂದು ರಾಜ್ಯಕ್ಕೆ ವಲಸೆ ಹೋದವು. ಆದುದರಿಂದ ಮನೆಯೊಳಗೆ ಒಂದು ಭಾಷೆ, ಹೊಸ್ತಿಲಾಚೆ ಇನ್ನೊಂದು ಭಾಷೆ ಎಂಬ ಬಾಳನ್ನು ಅರಿಯಲು ನಾವು ವಿಮಾನ ಹತ್ತಬೇಕಾಗಿಲ್ಲ.

ನಿವೃತ್ತರಾದ ನಮ್ಮ ಮಿತ್ರ ಮೇಷ್ಟ್ರೊಬ್ಬರು ಆರು ತಿಂಗಳು ಅಮೆರಿಕದಲ್ಲಿ ಮಗಳ ಮನೆಯಲ್ಲಿದ್ದು ಬಂದರು. ಹೇಗಿತ್ತು ಎಂದು ಕೇಳಿದೆವು. “ಮಗಳ ಕೂಡ ಕನ್ನಡ, ಅಳಿಯನ ಕೂಡ ತೆಲುಗು, ಮೊಮ್ಮಗನ ಕೂಡ ಕೈಸನ್ನೆ,” ಎಂದರು. ನಕ್ಕೇ ಹೇಳಿದರು. ಆದರೆ ಆ ಮಾತು ನಮ್ಮ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಊಟಕ್ಕೆ ಕುಳಿತಾಗ ಮಗು ಯಾವ ಭಾಷೆಯಲ್ಲಿ ಉತ್ತರ ಕೊಡುತ್ತದೆ? ಈ ಪ್ರಶ್ನೆಯನ್ನಿಟ್ಟುಕೊಂಡು ಈ ಕಾದಂಬರಿಗಳನ್ನು ಮತ್ತೆ ಓದಿದೆವು.

ಓದಿದಾಗ ಕಂಡ ಸಂಗತಿ ನಾವು ನಿರೀಕ್ಷಿಸಿದ್ದಲ್ಲ. ಪರಕೀಯರು ನಮ್ಮಲ್ಲಿಗೆ ಬಂದು ನೆಲಸಿದ ಕಥೆಯನ್ನು ಕನ್ನಡದ ಕಾದಂಬರಿ ಚೆನ್ನಾಗಿ ಹೇಳಿದೆ. ನಮ್ಮವರು ಹೊರಗೆ ಹೋಗಿ ನೆಲಸಿದ ಕಥೆಯನ್ನು ಅಷ್ಟು ಚೆನ್ನಾಗಿ ಹೇಳಿಲ್ಲ.

ಎಸ್. ಎಲ್. ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’ ೧೯೬೮ರಲ್ಲಿ ಬಂತು. ಗೋವಿನ ವಿಷಯದಲ್ಲಿ ಪೂರ್ವ ಪಶ್ಚಿಮಗಳ ಘರ್ಷಣೆಯೇ ಅದರ ವಸ್ತು ಎಂದು ಎಲ್ಲರೂ ಬರೆದಿದ್ದಾರೆ. ೧೯೭೭ರಲ್ಲಿ ಚಲನಚಿತ್ರವಾದ ಮೇಲಂತೂ ಆ ಚರ್ಚೆಯೇ ಮುಂದಾಯಿತು. ನಾವು ಅದನ್ನು ಬೇರೊಂದು ಕಡೆಯಿಂದ ನೋಡಬಯಸುತ್ತೇವೆ. ವ್ಯವಸಾಯ ಶಾಸ್ತ್ರ ಕಲಿಯಲು ಅಮೆರಿಕಕ್ಕೆ ಹೋದ ಕಾಳಿಂಗ, ಹಿಲ್ಡಾ ಎಂಬವಳನ್ನು ಮದುವೆಯಾಗಿ ಹಳ್ಳಿಗೆ ಹಿಂದಿರುಗುವನು. ಇಲ್ಲಿ ದೇಶ ಬಿಟ್ಟು ಬಂದವಳು ಹಿಲ್ಡಾ. ಹಳ್ಳಿಯ ಮನೆಯಲ್ಲಿ ಸೊಸೆಯಾಗಿ ಬಾಳು ಹೂಡಬೇಕಾದವಳು ಅವಳು. ಅವಳ ಅತ್ತೆ ತಾಯವ್ವ ಹುಟ್ಟು ಮೂಗಿ. ಸೊಸೆಯ ಭಾಷೆ ಬೇರೆ, ಅತ್ತೆಗೆ ಭಾಷೆಯೇ ಇಲ್ಲ. ಇಬ್ಬರು ಹೆಂಗಸರು, ಒಂದು ಅಡಿಗೆಮನೆ, ನಡುವೆ ಒಂದು ಮಾತೂ ಇಲ್ಲ. ಭೈರಪ್ಪನವರ ಕಲ್ಪನಾಶಕ್ತಿ ಎಷ್ಟು ದೊಡ್ಡದೆಂಬುದಕ್ಕೆ ಈ ಸನ್ನಿವೇಶವೊಂದೇ ಸಾಕು. ಆದರೆ ಕಾದಂಬರಿಕಾರರಿಗೆ ವಾದದ ಸೆಳೆತ ಹೆಚ್ಚು. ಹಿಲ್ಡಾಳನ್ನು ಅವರು ಬೇಗ ಒಂದು ಪಕ್ಷದ ವಕೀಲಳನ್ನಾಗಿ ಮಾಡಿಬಿಡುವರು. ಅವಳ ತರ್ಕ ನಮಗೆ ಪೂರ್ತಿಯಾಗಿ ಕೇಳಿಸುತ್ತದೆ. ತಾಯಿಯ ಮನೆಯಿಂದ ಅಷ್ಟು ದೂರ ಬಂದ ಹೆಣ್ಣಿನ ಒಂಟಿತನ ಅಲ್ಲಲ್ಲಿ ಮಾತ್ರ ಕೇಳಿಸುತ್ತದೆ. ಪುಣ್ಯಕೋಟಿಯ ವಂಶದ ಹಸುವನ್ನು ಅವಳು ಕೊಲ್ಲಿಸುವ ಪ್ರಸಂಗದಲ್ಲಿ ಓದುಗನ ಸಿಟ್ಟು ಅವಳ ಮೇಲೆ ತಿರುಗುವುದು ಸಹಜ. ಈ ಮನೆಯಲ್ಲಿ ಅವಳಿಗೆ ಯಾವುದು ಏನು ಎಂದು ಬಿಡಿಸಿ ಹೇಳಬೇಕಾಗಿದ್ದವರು ಯಾರು ಎಂಬ ಪ್ರಶ್ನೆಯನ್ನೂ ನಮ್ಮ ವಿಮರ್ಶಕರು ಕೇಳಬಹುದಾಗಿತ್ತು.

ನೇಮಿಚಂದ್ರ ಅವರ ‘ಯಾದ್ ವಶೇಮ್’ ೨೦೦೭ರಲ್ಲಿ ಪ್ರಕಟವಾಯಿತು. ನಮ್ಮ ಮತದಲ್ಲಿ ದೇಶಾಂತರ ಹೋದ ಸಂಸಾರವೊಂದನ್ನು ಕುರಿತು ಕನ್ನಡದಲ್ಲಿ ಬಂದ ಅತ್ಯಂತ ಮುಖ್ಯವಾದ ಕಾದಂಬರಿ ಇದು. ಹಿಟ್ಲರನ ಕಾಲದಲ್ಲಿ ಯೆಹೂದಿ ತಂದೆಯೊಬ್ಬನು ಮಗಳನ್ನು ಕರೆದುಕೊಂಡು ಬೆಂಗಳೂರಿಗೆ ಓಡಿಬರುವನು. ಉಳಿದವರು ಹಿಂದೆಯೇ ಉಳಿದು ಕಾಣದಾಗುವರು. ತಂದೆಗೆ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ. ಅವನು ತೀರಿಕೊಂಡ ಮೇಲೆ ಹುಡುಗಿಯನ್ನು ಕನ್ನಡದ ಮನೆಯೊಂದು ತನ್ನವಳನ್ನಾಗಿ ಮಾಡಿಕೊಳ್ಳುತ್ತದೆ. ಹ್ಯಾನಾ ಎಂಬವಳು ಅನಿತಾ ಆಗುವಳು.

ಇದರ ಹಿಂದೆ ಚರಿತ್ರೆಯ ಆಧಾರವೂ ಉಂಟು. ಹಿಟ್ಲರನ ಕಾನೂನಿನಿಂದ ಕೆಲಸ ಕಳೆದುಕೊಂಡ ಭೌತವಿಜ್ಞಾನಿ ಮಾಕ್ಸ್ ಬಾರ್ನರು ಸಿ. ವಿ. ರಾಮನ್ನರ ಆಹ್ವಾನದ ಮೇಲೆ ೧೯೩೫–೩೬ರ ಚಳಿಗಾಲದಲ್ಲಿ ಪತ್ನಿಯೊಡನೆ ಬಂದು ಇದೇ ಸಂಸ್ಥೆಯಲ್ಲಿ ಸುಮಾರು ಆರು ತಿಂಗಳಿದ್ದರು. ಇಲ್ಲಿ ಕಾಯಂ ಸ್ಥಾನ ಸಿಗಲಿಲ್ಲ, ಎಡಿನ್‌ಬರೋಕ್ಕೆ ಹೊರಟುಹೋದರು. ಬರ್ಲಿನ್ನಿನ ವಾಸ್ತುಶಿಲ್ಪಿ ಆಟೋ ಕೋನಿಗ್ಸ್‌ಬರ್ಗರ್ ೧೯೩೯ರಲ್ಲಿ ಬಂದು ಮೈಸೂರು ಸಂಸ್ಥಾನದ ಸೇವೆಗೆ ಸೇರಿ, ವಿಜ್ಞಾನ ಸಂಸ್ಥೆಯ ಕಟ್ಟಡಗಳನ್ನೂ ರಚಿಸಿ, ೧೯೪೮ರಲ್ಲಿ ದೆಹಲಿಗೆ ತೆರಳಿದರು. ಕಟ್ಟಡ ಕಟ್ಟಿದವರಿಗೂ ಇಲ್ಲಿ ಮನೆ ಹತ್ತಲಿಲ್ಲ ಎನ್ನಬಹುದು. ಹೋಗದೆ ಉಳಿದವಳೊಬ್ಬಳನ್ನು ನೇಮಿಚಂದ್ರರು ಕಲ್ಪಿಸಿಕೊಂಡರು. ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರಾಗಿ ದುಡಿದ ಈ ಲೇಖಕಿ, ಚರಿತ್ರೆ ದಾಖಲೆಯಿಡದೆ ಬಿಟ್ಟ ಜಾಗವನ್ನು ಸರಿಯಾಗಿ ಗುರುತಿಸಿ ಅಲ್ಲಿ ತಮ್ಮ ಕಥೆಯನ್ನು ನಿಲ್ಲಿಸಿರುವುದು ಮೆಚ್ಚತಕ್ಕ ವಿಷಯ.

ಈ ಕಾದಂಬರಿಯಲ್ಲಿ ನೆಲಸುವ ಕ್ರಿಯೆ ಎರಡು ವೇಗದಲ್ಲಿ ನಡೆಯುತ್ತದೆ. ತಂದೆಗೆ ಪ್ರಯೋಗಶಾಲೆಯುಂಟು, ಅಲ್ಲಿ ಅವನಿಗೆ ಕನ್ನಡ ಬೇಕಿಲ್ಲ. ಮಗುವಿಗೆ ನೆರೆಮನೆಯುಂಟು, ಅಲ್ಲಿ ಕನ್ನಡವಿಲ್ಲದೆ ಆಗದು. ಆದುದರಿಂದ ತಂದೆ ಕಡೆಯವರೆಗೂ ಹೊರಗಿನವನು, ಮಗಳು ಒಳಗಿನವಳು. ನಲವತ್ತು ವರ್ಷದ ತಂದೆಗೆ ಆಗದ್ದು ಎಂಟು ವರ್ಷದ ಮಗುವಿಗೆ ಆಟವಾಡುತ್ತಲೇ ಆಗಿಬಿಡುವುದನ್ನು ಉಪಾಧ್ಯಾಯರಾದ ನಾವು ಜೂನ್ ತಿಂಗಳು ಬಂದಾಗಲೆಲ್ಲ ನೋಡುತ್ತಿದ್ದೇವೆ. ನೇಮಿಚಂದ್ರರು ಇದನ್ನು ಉಪನ್ಯಾಸ ಮಾಡದೆ ತೋರಿಸುವರು. ಹೆಸರು ಬದಲಾಗುವ ಸಂಗತಿಯನ್ನೂ ಗಮನಿಸಬೇಕು. ಅದರಲ್ಲಿ ಪ್ರೀತಿಯಿದೆ, ಸಂಶಯವಿಲ್ಲ. ಆದರೆ ಒಂದು ಹೆಸರು ಹೋಗಿ ಇನ್ನೊಂದು ಬರುವಾಗ ಏನನ್ನೋ ಕೊಟ್ಟು ಏನನ್ನೋ ಕೊಂಡಂತಾಯಿತು. ಕೊಟ್ಟದ್ದರ ಲೆಕ್ಕವನ್ನು ಕಾದಂಬರಿ ಮುಂದಕ್ಕೆ ಹಾಕುತ್ತದೆ; ವಯಸ್ಸಾದ ಅನಿತಾ ತನ್ನವರನ್ನು ಹುಡುಕಿಕೊಂಡು ಜರ್ಮನಿ, ಇಸ್ರೇಲುಗಳಿಗೆ ಹೊರಡುವವರೆಗೆ.

ಆ ಉತ್ತರಾರ್ಧ ನಮಗೆ ಪೂರ್ವಾರ್ಧದಷ್ಟು ಒಪ್ಪಿಗೆಯಾಗಲಿಲ್ಲ. ಯಾತನಾ ಶಿಬಿರಗಳ ವಿವರಗಳು ಓದುಗನನ್ನು ನಡುಗಿಸುತ್ತವೆ. ನೋವುಂಡವರೇ ಪ್ಯಾಲಸ್ತೀನಿಯರ ನೋವಿಗೆ ಕಾರಣರಾದ ವಿಚಾರವನ್ನು ಲೇಖಕಿ ಮರೆಮಾಚದೆ ಎದುರಿಸಿದ್ದಾರೆ. ಇದು ಧೈರ್ಯದ ಕೆಲಸ. ಆದರೂ ಅಲ್ಲಿ ಕಥೆ ಮತ್ತೆ ಪ್ರವಾಸ ಕಥನದ ದಾರಿ ಹಿಡಿಯಿತು. ನಿಲ್ದಾಣ, ವಸ್ತುಸಂಗ್ರಹಾಲಯ, ಮಾಹಿತಿ. ಬೆಂಗಳೂರಿನ ಮನೆಯನ್ನು ಬಿಟ್ಟು ಬಂದೆವಲ್ಲ ಎಂದು ಓದುವಾಗ ನಮಗೆ ಅನ್ನಿಸಿತು.

ಇನ್ನು ಹೊರಗೆ ಹೋದ ನಮ್ಮವರು. ೧೯೬೫ರಲ್ಲಿ ಅಮೆರಿಕ ತನ್ನ ವಲಸೆ ಕಾನೂನನ್ನು ಬದಲಾಯಿಸಿದ ಮೇಲೆ ಕನ್ನಡದ ವೈದ್ಯರು, ಇಂಜಿನಿಯರುಗಳು ಸಂಸಾರ ಸಮೇತ ಹೋದರು. ೧೯೭೩ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಕನ್ನಡ ಕೂಟ ಹುಟ್ಟಿತು. ೨೦೦೦ದಲ್ಲಿ ಹ್ಯೂಸ್ಟನ್ನಿನಲ್ಲಿ ‘ಅಕ್ಕ’ದವರು ವಿಶ್ವ ಕನ್ನಡ ಸಮ್ಮೇಳನ ನಡೆಸಿದರು. ಈ ಕಾನೂನಿಗೂ ಮುಂಚೆ, ೧೯೫೯ರಲ್ಲಿ ಹೋದವರು ಎ. ಕೆ. ರಾಮಾನುಜನ್. ೧೯೬೨ರಿಂದ ೧೯೯೩ರಲ್ಲಿ ತೀರಿಕೊಳ್ಳುವವರೆಗೆ ಶಿಕಾಗೋದಲ್ಲಿದ್ದು ‘ಹೊಕ್ಕುಳಲ್ಲಿ ಹೂವಿಲ್ಲ’ದಂತಹ ಕನ್ನಡ ಕವಿತೆಗಳನ್ನು ಬರೆದರು. ಮೈಸೂರಿನ ತಮ್ಮ ಮನೆಯಲ್ಲಿ ಮಹಡಿಯ ಮೇಲೆ ತಂದೆಯ ಇಂಗ್ಲಿಷ್, ಕೆಳಗೆ ತಾಯಿಯ ತಮಿಳು, ಬೀದಿಯಲ್ಲಿ ಕನ್ನಡ ಇದ್ದುದನ್ನು ಅವರೇ ಹೇಳಿಕೊಂಡಿದ್ದಾರೆ. ಆದವಾನಿಯ ಓದುಗನಿಗೆ ಆ ಮನೆಯ ಮೆಟ್ಟಿಲುಗಳು ಚೆನ್ನಾಗಿ ಪರಿಚಿತ. ಅವರು ಕನ್ನಡದಲ್ಲಿ ಮತ್ತೆ ಮತ್ತೆ ಹೊಕ್ಕದ್ದು ಬಿಟ್ಟುಬಂದ ಮನೆಯನ್ನೇ ಎಂದು ನಮಗೆ ತೋರುತ್ತದೆ.

ವೈದ್ಯರಾಗಿ ಅಮೆರಿಕದಲ್ಲಿ ನೆಲಸಿರುವ ಗುರುಪ್ರಸಾದ ಕಾಗಿನೆಲೆಯವರ ‘ಹಿಜಾಬ್’ ೨೦೧೭ರಲ್ಲಿ ಬಂತು. ಮಿನೆಸೋಟದ ಅಮೋಕ ಎಂಬ ಕಲ್ಪಿತ ಊರಿನಲ್ಲಿ ಕನ್ನಡದ ಯುವ ವೈದ್ಯರು ಕೆಲಸಕ್ಕಿರುವರು. ಅಲ್ಲಿ ತರಬೇತಿಗೆ ಹೋದ ಪರದೇಶಿ ವೈದ್ಯರು, ಡಾಕ್ಟರಿಲ್ಲದ ಸೀಮೆಯಲ್ಲಿ ಮೂರು ವರ್ಷ ಸೇವೆ ಮಾಡಿದರೆ ಆ ದೇಶದಲ್ಲಿ ಉಳಿಯಲು ದಾರಿಯಾಗುವ ಏರ್ಪಾಡು ಉಂಟು. ಅದೇ ಊರಿಗೆ ಆಫ್ರಿಕದಿಂದ ನಿರಾಶ್ರಿತರು ಬಂದಿರುವರು. ಕಾದಂಬರಿಯಲ್ಲಿ ಅವರಿಗೆ ಸಂಘಾಲಿಗಳೆಂದು ಹೆಸರು. ಮಿನೆಸೋಟದಲ್ಲಿ ಸೋಮಾಲಿಯದವರು ಬಹುಸಂಖ್ಯೆಯಲ್ಲಿ ನೆಲಸಿರುವುದನ್ನು ಬಲ್ಲವರಿಗೆ ಮೂಲ ತಿಳಿಯುತ್ತದೆ. ಆ ಹೆಂಗಸರು ಹೆರಿಗೆಯಲ್ಲಿ ಹೊಟ್ಟೆ ಕೊಯ್ಯುವುದಕ್ಕೆ ಒಪ್ಪುವುದಿಲ್ಲ. ತಾವೇ ಕಾಗದ ಪತ್ರಕ್ಕಾಗಿ ಕಾದು ಕುಳಿತ ನಮ್ಮ ವೈದ್ಯರು, ಇನ್ನೊಬ್ಬ ವಲಸೆಗಾರರ ಹಟದ ಎದುರಿನಲ್ಲಿ ಯಜಮಾನನ ಕಡೆಯವರಾಗಿ ನಿಲ್ಲಬೇಕಾಗುತ್ತದೆ. ಈ ಇಕ್ಕಟ್ಟನ್ನು ಕಾಗಿನೆಲೆಯವರು ಯಾವ ಪಕ್ಷಕ್ಕೂ ಸೋಗು ಹಾಕದೆ ಬರೆದಿದ್ದಾರೆ. ಕನ್ನಡಿಗನನ್ನು ಬಡಪಾಯಿ ಪರದೇಶಿಯೆಂದು ಚಿತ್ರಿಸುವ ಸುಲಭದ ದಾರಿಯನ್ನು ಅವರು ಹಿಡಿಯಲಿಲ್ಲ.

ಆದರೂ ನಮ್ಮ ಪ್ರಶ್ನೆ ಹಾಗೆಯೇ ಉಳಿಯಿತು. ‘ಹಿಜಾಬ್’ನ ಬಲವೆಲ್ಲ ಆಸ್ಪತ್ರೆಯಲ್ಲಿದೆ. ಸಂಘಾಲಿ ಸಂಸಾರಗಳ ಒಳಗನ್ನು ತಿಳಿಯಲು ವೈದ್ಯ ತವಕಪಡುವನು. ಅವನ ಕನ್ನಡದ ಮನೆಯ ಒಳಗು ನಮಗೆ ಅಷ್ಟು ಬೆಳಕಿನಲ್ಲಿ ಕಾಣದು. ದೋಷ ಒಬ್ಬರದಲ್ಲ. ಹೊರಗೆ ಹೋಗಿ ಕಥೆ ಬರೆದವರಲ್ಲಿ ಹೆಚ್ಚಿನವರು ಕೆಲಸಕ್ಕೆ ಹೋದ ಗಂಡಸರು. ಅವರ ಹಗಲೆಲ್ಲ ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ ಕಳೆದುಹೋಗುತ್ತದೆ. ಮನೆಯಲ್ಲಿ ಉಳಿದವಳ ಹಗಲು? ಎಚ್-೪ ಎಂಬ ವೀಸಾದ ಮೇಲೆ ಗಂಡನೊಡನೆ ಹೋದ ಹೆಂಗಸು ಎಷ್ಟೇ ಓದಿದ್ದರೂ ದುಡಿಯುವ ಹಾಗಿರಲಿಲ್ಲ. ೨೦೧೫ರಲ್ಲಿ ಅಂಥವರಲ್ಲಿ ಕೆಲವರಿಗೆ ಮಾತ್ರ ಅನುಮತಿ ದೊರೆಯಿತು. ಪದವಿ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು, ಕಾರು ನಡೆಸಲು ಬಾರದೆ, ಹಿಮ ಸುರಿಯುವ ಊರಿನಲ್ಲಿ ಕೂಸಿನೊಡನೆ ಹಗಲೆಲ್ಲ ಒಬ್ಬಳೇ ಕನ್ನಡ ಮಾತಾಡಿದ ತಾಯಿ, ಅದೇ ಕೂಸು ಶಾಲೆಗೆ ಸೇರಿದ ಕೆಲವೇ ತಿಂಗಳಲ್ಲಿ ಇಂಗ್ಲಿಷಿನಲ್ಲಿ ಉತ್ತರ ಕೊಡುವುದನ್ನು ಕೇಳಿದ ದಿನ ಅಲ್ಲಿ ನಿಜವಾಗಿ ನೆಲಸಿದಂತಾಗುತ್ತದೆ. ಈ ದಿನವೇ ಮಧ್ಯದಲ್ಲಿ ನಿಂತಿರುವ ದೊಡ್ಡ ಕಾದಂಬರಿಯನ್ನು ನಾವಿನ್ನೂ ಓದಿಲ್ಲ. ಹಿಲ್ಡಾಳಿಗೂ ಹ್ಯಾನಾಳಿಗೂ ನಾವು ಆತಿಥೇಯರಾಗಿದ್ದೆವು. ನಮ್ಮ ಅಡಿಗೆಮನೆಯಲ್ಲಿ ಅವರು ತಡವರಿಸಿದ್ದು ನಮಗೆ ಕಂಡಿತು. ನಾವೇ ತಡವರಿಸಿದ್ದನ್ನು ಹೇಳಿಕೊಳ್ಳಲು ಸಂಕೋಚವೋ ಏನೋ.

ನಮ್ಮ ಶಾಲೆ ತೆಲುಗು ಮಾಧ್ಯಮದ್ದು. ಮನೆಯಲ್ಲಿ ಕನ್ನಡ ಆಡುವ ಕೆಲವು ಮಕ್ಕಳಿಗೆ ಶನಿವಾರ ಮಧ್ಯಾಹ್ನ ‘ಯಾದ್ ವಶೇಮ್’ನ ಮೊದಲ ಭಾಗವನ್ನು ಓದಿ ಹೇಳಿದೆವು. ಅವರಲ್ಲಿ ಒಬ್ಬಳು ಎರಡು ವರ್ಷ ತಂದೆ ತಾಯಿಯರ ಜೊತೆ ಸುಗ್ಗಿಗೆ ಹೋಗಿ ಬಂದವಳು. ಹಾಜರಿ ಪುಸ್ತಕದಲ್ಲಿ ಅವಳ ಸಾಲಿನಲ್ಲಿ ಖಾಲಿ ಜಾಗವೇ ಹೆಚ್ಚು. ತಂದೆ ಸತ್ತ ಪ್ರಸಂಗ ಮುಗಿದ ಮೇಲೆ ಅವಳು ಎದ್ದು ನಿಂತು ಕೇಳಿದಳು: “ಸಾರ್, ಅವರಪ್ಪ ಸತ್ತ ಮ್ಯಾಲೆ ಆಕಿ ತನ್ನ ಮಾತು ಯಾರ ಕೂಡ ಆಡ್ತಿದ್ಲು?”

ಕನ್ನಡದಲ್ಲಿಯೇ ಆಡುತ್ತಿದ್ದಳಮ್ಮಾ ಎಂದೆವು. “ಅದಲ್ಲ ಸಾರ್, ಆಕಿ ಮಾತು,” ಎಂದಳು. ಅಂದು ಸಂಜೆ ಮನೆಗೆ ಹೋಗಿ ಆ ಪುಟಗಳನ್ನು ಮತ್ತೊಮ್ಮೆ ತಿರುವಿಹಾಕಿದೆವು.