ಗೆದ್ದ ತಂಡದ ವಿಘಟನೆ

ಅಮೆರಿಕದ ಬೇಸ್‌ಬಾಲ್ ಋತುವು ವಸಂತದಲ್ಲಿ ಮೊದಲಾಗಿ, ತಂಡವೊಂದಕ್ಕೆ 162 ಪಂದ್ಯಗಳಂತೆ ದೀರ್ಘವಾಗಿ ಸಾಗಿ, ಶರತ್ಕಾಲದ ವರ್ಲ್ಡ್ ಸೀರೀಸಿನಲ್ಲಿ ಪರಿಸಮಾಪ್ತಿಯನ್ನು ಹೊಂದಿದ ಮೇಲೆ, ಮೈದಾನಕ್ಕೆ ವಿಶ್ರಾಂತಿ ದೊರೆಯುವುದೇ ಹೊರತು ಅಭಿಮಾನಿಯ ಚಿತ್ತಕ್ಕೆ ದೊರೆಯದು; ಯಾರನ್ನು ಉಳಿಸಿಕೊಳ್ಳತಕ್ಕದ್ದು, ಯಾರನ್ನು ಬಿಟ್ಟುಕೊಟ್ಟು ಪ್ರತಿಯಾಗಿ ಯಾರನ್ನು ಪಡೆಯತಕ್ಕದ್ದು ಎಂಬ ವ್ಯವಹಾರವು ಚಳಿಗಾಲದುದ್ದಕ್ಕೂ ನಡೆಯುತ್ತಲೇ ಇರುತ್ತದೆ. ಈ ಪರಿವರ್ತನೆಗಳನ್ನು ಕೆಲವರು ಕೇವಲ ಮಮತೆಯಿಂದಲೂ ಕೆಲವರು ಕೇವಲ ಲೆಕ್ಕಾಚಾರದಿಂದಲೂ ಅಳೆಯುತ್ತಾರೆ. ಆಟಗಾರನನ್ನು ತಂಡದಿಂದ ಅಗಲಿಸಿದವರು ಯಾರು, ಯಾವ ಉದ್ದೇಶದಿಂದ ಅಗಲಿಸಿದರು ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಕೊಟ್ಟ ತೀರ್ಪು ನ್ಯಾಯವಾದ ತೀರ್ಪಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ.

ಈ ಪ್ರಶ್ನೆಗಳ ಗಾಂಭೀರ್ಯವನ್ನು ಮನಗಾಣಬೇಕಾದರೆ ಫ್ಲಾರಿಡಾ ಮಾರ್ಲಿನ್ಸ್ ತಂಡದ ಕಥೆಯನ್ನು ನೋಡಬೇಕು. 1993ರಲ್ಲಿ ಹುಟ್ಟಿದ ಈ ತಂಡವು, ಮಾಲೀಕ ವೇನ್ ಹೈಜೆಂಗಾ ಧಾರಾಳವಾಗಿ ದ್ರವ್ಯವನ್ನು ವೆಚ್ಚಮಾಡಿ ಮೊಯ್ಸೆಸ್ ಅಲೂ, ಕೆವಿನ್ ಬ್ರೌನ್, ಅಲ್ ಲೈಟರ್ ಮೊದಲಾದವರನ್ನು ಕೂಡಿಸಿ, ಜಿಮ್ ಲೇಲ್ಯಾಂಡನನ್ನು ಮ್ಯಾನೇಜರನನ್ನಾಗಿ ಕರೆತಂದದ್ದರ ಫಲವಾಗಿ, ಐದನೆಯ ಋತುವಿನಲ್ಲಿಯೇ ವರ್ಲ್ಡ್ ಸೀರೀಸನ್ನು ಮುಟ್ಟಿತು. 1997ರ ಅಕ್ಟೋಬರ್ 26ರಂದು ಕ್ಲೀವ್‌ಲೆಂಡಿನ ಎದುರು ನಡೆದ 7ನೆಯ ಪಂದ್ಯದಲ್ಲಿ ಸೋಲು ಇನ್ನೇನು ಖಚಿತವೆಂಬಂತಿದ್ದ 9ನೆಯ ಇನ್ನಿಂಗ್ಸಿನಲ್ಲಿ ಅಲೂ ಓಡಿಬಂದು ಸಮಬಲದ ರನ್ನನ್ನು ಗಳಿಸಿದನು; 11ನೆಯದರಲ್ಲಿ ಎಡ್ಗರ್ ರೆಂಟೆರಿಯಾ ಹೊಡೆದ ಚೆಂಡು ಜಯವನ್ನು ತಂದಿತು. ಆದರೆ ಆ ಜಯಘೋಷ ಅಡಗಿ ಮೂರು ವಾರಗಳೂ ಕಳೆಯುವ ಮುನ್ನ ಅದೇ ಅಲೂವನ್ನು ಹ್ಯೂಸ್ಟನ್ನಿಗೆ ಕಳುಹಿಸಲಾಯಿತು. ಡಿಸೆಂಬರಿನಲ್ಲಿ ಬ್ರೌನ್ ಸ್ಯಾನ್ ಡಿಯೇಗೋಗೂ, ಫೆಬ್ರವರಿಯಲ್ಲಿ ಲೈಟರ್ ನ್ಯೂಯಾರ್ಕಿಗೂ ಸಂದರು. ಮೇ ತಿಂಗಳಿನಲ್ಲಿ ಗ್ಯಾರಿ ಶೆಫೀಲ್ಡ್, ಬಾಬಿ ಬೊನಿಯಾ, ಚಾರ್ಲ್ಸ್ ಜಾನ್ಸನ್ ಮುಂತಾದವರು ಲಾಸ್ ಏಂಜಲೀಸಿಗೆ ಹೊರಟರು. ಇವರಿಗೆ ಪ್ರತಿಯಾಗಿ ದೊರೆತ ಮೈಕ್ ಪಿಯಾಜಾನಂಥ ಮಹಾನ್ ಆಟಗಾರನನ್ನೂ ಸುಮಾರು ಒಂದು ವಾರದೊಳಗೆ ನ್ಯೂಯಾರ್ಕಿಗೆ ದಾಟಿಸಿಬಿಟ್ಟರು. ಪರಿಣಾಮವಾಗಿ 1998ರಲ್ಲಿ ಮಾರ್ಲಿನ್ಸ್ 54 ಪಂದ್ಯಗಳನ್ನು ಗೆದ್ದು 108ರಲ್ಲಿ ಸೋತಿತು. ಪಟ್ಟವನ್ನು ಧರಿಸಿದ ತಂಡವೊಂದು ಮರುವರ್ಷವೇ ನೂರು ಪಂದ್ಯಗಳನ್ನು ಸೋತದ್ದು ಅದೇ ಮೊದಲು.

ಈ ವಿಘಟನೆಯನ್ನು ಸಮರ್ಥಿಸುವವರ ವಾದದಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಬ್ರೌನನಿಗೆ ಪ್ರತಿಯಾಗಿ ಬಂದ ತರುಣ ಡೆರೆಕ್ ಲೀ ಮುಂದೆ ಸಮರ್ಥ ಆಟಗಾರನಾಗಿ ಬೆಳೆದು, 2003ರಲ್ಲಿ ಮಾರ್ಲಿನ್ಸ್ ನ್ಯೂಯಾರ್ಕಿನ ಯಾಂಕೀಸನ್ನು ಸೋಲಿಸಿ ಎರಡನೆಯ ಸಲ ಪಟ್ಟವೇರಿದಾಗ ಮೊದಲನೆಯ ಬೇಸನ್ನು ಕಾದವನು. ಆದುದರಿಂದ ಹಳೆಯದನ್ನು ಕಡಿದದ್ದು ಹೊಸ ಚಿಗುರಿಗಾಗಿಯೇ ಎಂದು ಅವರು ಹೇಳುತ್ತಾರೆ. ಆದರೆ ಮರದ ಕೊಂಬೆಯನ್ನು ಸವರುವವನು ಫಲವನ್ನು ತಾನೇ ಕಾಯ್ದು ಕುಳಿತಿರುತ್ತಾನೆ. ಹೈಜೆಂಗಾ ನಷ್ಟದ ಮಾತನಾಡುತ್ತ ವೇತನದ ಹೊರೆಯನ್ನು ಇಳಿಸಿದ ಬಳಿಕ ತಂಡವನ್ನೇ ಮತ್ತೊಬ್ಬರಿಗೆ ಮಾರಿದನು. ಐದು ವರ್ಷಗಳ ಅನಂತರ ದೊರೆತ ಸತ್ಫಲವು ಆತನ ಉದ್ದೇಶವನ್ನು ಶುದ್ಧಿಮಾಡಲಾರದು. ಅದಕ್ಕೂ ಮಿಗಿಲಾಗಿ, 2003ರ ಜಯದ ಮರುತಿಂಗಳೇ ಆಗಿನ ಒಡೆತನವು ಆ ಲೀಯನ್ನೂ ಷಿಕಾಗೋಗೆ ಕೊಟ್ಟುಬಿಟ್ಟಿತೆಂಬುದನ್ನು ನೆನೆದರೆ, ಚಿಗುರಿನ ವಾದವು ಎಷ್ಟು ಟೊಳ್ಳೆಂಬುದು ತಾನಾಗಿಯೇ ವ್ಯಕ್ತವಾಗುತ್ತದೆ.

ಇಂಥ ಅನರ್ಥಗಳಿಗೆಲ್ಲ ಆಟಗಾರರಿಗೆ ದೊರೆತ ಸ್ವಾತಂತ್ರ್ಯವೇ ಮೂಲವೆಂದೂ, ಅವರು ಒಂದೇ ತಂಡಕ್ಕೆ ಬದ್ಧರಾಗಿದ್ದ ಕಾಲವೇ ಚೆನ್ನಾಗಿತ್ತೆಂದೂ ಹಲುಬುವವರುಂಟು. ಇತಿಹಾಸವು ಈ ಮಾತನ್ನು ಒಪ್ಪುವುದಿಲ್ಲ. ಐದು ವರ್ಷಗಳಲ್ಲಿ ನಾಲ್ಕು ಸಲ ಅಮೆರಿಕನ್ ಲೀಗಿನ ಅಗ್ರಸ್ಥಾನವನ್ನು ಪಡೆದಿದ್ದ ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ತಂಡವನ್ನು 1914ರ ವರ್ಲ್ಡ್ ಸೀರೀಸಿನ ಸೋಲಿನ ತರುವಾಯ ಅದರ ಒಡೆಯರಲ್ಲೊಬ್ಬನಾದ ಕಾನಿ ಮ್ಯಾಕ್ ಚೆದರಿಸಿ, ಆಟಗಾರ ಎಡ್ಡಿ ಕಾಲಿನ್ಸನನ್ನು 50,000 ಡಾಲರುಗಳಿಗೆ ಷಿಕಾಗೋಗೆ ಮಾರಿದಾಗ, ಆಟಗಾರನಿಗೆ ತನ್ನ ತಂಡವನ್ನು ತಾನೇ ಆರಿಸಿಕೊಳ್ಳುವ ಹಕ್ಕೇ ಇರಲಿಲ್ಲ. ಮರುವರ್ಷ ಆ ತಂಡವು 109 ಪಂದ್ಯಗಳಲ್ಲಿ ಸೋತು ಕಟ್ಟಕಡೆಯ ಸ್ಥಾನಕ್ಕೆ ಇಳಿಯಿತು. ಬಂಧನವಿದ್ದದ್ದು ಆಟಗಾರನಿಗೆ ಮಾತ್ರ; ಒಡೆಯನಿಗೆ ಎಂದೂ ಇರಲಿಲ್ಲ.

ಆ ಬಂಧನವನ್ನು ಪ್ರತಿಭಟಿಸಿದ ಕರ್ಟ್ ಫ್ಲಡ್ ನಮ್ಮ ಗೌರವಕ್ಕೆ ಪಾತ್ರನಾಗಬೇಕಾದವನು. ಹನ್ನೆರಡು ಋತುಗಳ ಕಾಲ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಪರವಾಗಿ ಆಡಿದ್ದ ಆತನನ್ನು 1969ರ ಋತು ಮುಗಿದೊಡನೆ, ಒಂದು ಮಾತನ್ನೂ ಕೇಳದೆ, ಫಿಲಡೆಲ್ಫಿಯಾಗೆ ವಿನಿಮಯಮಾಡಿದಾಗ, ಆತನು ಹೋಗಲೊಲ್ಲೆನೆಂದು ನ್ಯಾಯಾಲಯದ ಮೆಟ್ಟಿಲೇರಿದನು. 1972ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆತನ ವಿರುದ್ಧವಾಗಿ ತೀರ್ಪಿತ್ತಿತು. ಆಟಗಾರನಾಗಿ ಆತನ ವೃತ್ತಿಜೀವನವೂ ಅಷ್ಟರಲ್ಲಿ ಮುಗಿದುಹೋಗಿತ್ತು. ಆದರೆ 1975ರಲ್ಲಿ ಬೇರೆ ಇಬ್ಬರು ಪಿಚರುಗಳ ವ್ಯಾಜ್ಯದಲ್ಲಿ ಪಂಚಾಯಿತರಾದ ಪೀಟರ್ ಸೈಟ್ಸ್ ಕೊಟ್ಟ ನಿರ್ಣಯದಿಂದ ಆ ಶೃಂಖಲೆ ಕಡಿಯಿತು. ಈಗ ಆರು ವರ್ಷಗಳ ಸೇವೆಯನ್ನು ಪೂರೈಸಿ, ಒಪ್ಪಂದದ ಅವಧಿಯನ್ನು ಮುಗಿಸಿದವನು ತನಗೆ ಬೇಕಾದ ತಂಡವನ್ನು ಸೇರಬಹುದು.

ಹೀಗಿದ್ದರೂ 2024ರ ಡಿಸೆಂಬರಿನಲ್ಲಿ ಹುವಾನ್ ಸೋಟೊ ಯಾಂಕೀಸನ್ನು ಬಿಟ್ಟು, 15 ವರ್ಷಗಳಿಗೆ 76.5 ಕೋಟಿ ಡಾಲರುಗಳ ಒಪ್ಪಂದದ ಮೇಲೆ ಅದೇ ನಗರದ ಮೆಟ್ಸ್ ತಂಡವನ್ನು ಸೇರಿದಾಗ ಎಷ್ಟೋ ಮಂದಿ ಅಭಿಮಾನಿಗಳು ಅವನನ್ನು ದ್ರೋಹಿಯೆಂದು ಹಳಿದರು. ಅದಕ್ಕೆ ಮುಂಚೆ 2022ರಲ್ಲಿ ವಾಷಿಂಗ್ಟನ್ನಿನಿಂದ ಸ್ಯಾನ್ ಡಿಯೇಗೋಗೂ, 2023ರಲ್ಲಿ ಅಲ್ಲಿಂದ ಯಾಂಕೀಸಿಗೂ ಅವನನ್ನು ಒಡೆಯರೇ ವಿನಿಮಯಮಾಡಿದ್ದರು. ಎರಡು ಸಲ ಪರರ ಇಚ್ಛೆಯಿಂದ ಹೊರಟವನು ಮೂರನೆಯ ಸಲ ಸ್ವೇಚ್ಛೆಯಿಂದ ಹೊರಟದ್ದನ್ನು ಮಾತ್ರ ದ್ರೋಹವೆನ್ನುವುದು ವಿವೇಚನೆಯಿಲ್ಲದ ಮಾತು. ಅಗಲಿಕೆಯ ದುಃಖ ಸಹಜವಾದುದು, ನನಗೂ ಅದು ಉಂಟು. ಆದರೆ ದುಃಖವು ದೂಷಣೆಯಾಗಿ ಪರಿಣಮಿಸುವ ಮುನ್ನ ಅದು ಯಾರಿಗೆ ಸಲ್ಲತಕ್ಕದ್ದೆಂದು ಆಲೋಚಿಸಬೇಕು.

ಸೋತ ತಂಡವನ್ನು ತಿದ್ದುವುದು ಒಡೆಯನ ಕರ್ತವ್ಯ. ವಯಸ್ಸಾಗುತ್ತಿರುವ ತಂಡಕ್ಕೆ ಹೊಸ ರಕ್ತವನ್ನು ತುಂಬುವುದು ವಿವೇಕ. ಕಷ್ಟಪಟ್ಟು ದುಡಿದ ಆಟಗಾರನು ತನ್ನ ಬಾಳಿಗೆ ಹಿತವಾದ ಎಡೆಯನ್ನು ಅರಸುವುದು ಆತನ ಹಕ್ಕು. ಆದರೆ ಗೆದ್ದು ಇನ್ನೂ ಗೆಲ್ಲಬಲ್ಲ ತಂಡವನ್ನು ಕೇವಲ ವೇತನದ ಭಾರಕ್ಕಾಗಿ ಒಡೆಯುವವನು, ಪಟ್ಟವನ್ನು ಗಳಿಸಿದವರಿಂದ ಅದನ್ನು ಕಾಯ್ದುಕೊಳ್ಳುವ ಅವಕಾಶವನ್ನೇ ಕಸಿಯುತ್ತಾನೆ. ಮುಂದಿನ ಋತುವಿಗೆ ಟಿಕೆಟ್ಟಿನ ಹಣವನ್ನು ತೆತ್ತ ಪ್ರೇಕ್ಷಕನಿಗೆ ತಂಡದ ಹೆಸರನ್ನು ಕೊಟ್ಟು ತಂಡವನ್ನು ಕೊಡದೆ ಹೋಗುತ್ತಾನೆ. ಬೇಸ್‌ಬಾಲ್ ವ್ಯಾಪಾರವೂ ಹೌದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಜನರ ನಿಷ್ಠೆಯಿಂದಲೇ ಬೆಲೆಯನ್ನು ಪಡೆದ ವ್ಯಾಪಾರವು ಆ ನಿಷ್ಠೆಗೆ ಮರುವರ್ಷದ ಒಂದು ಪ್ರಾಮಾಣಿಕ ಪ್ರಯತ್ನವನ್ನಾದರೂ ಋಣವಾಗಿ ಸಲ್ಲಿಸಬೇಕು; ಅದನ್ನು ಸಲ್ಲಿಸದ ಒಡೆಯನನ್ನು ಕೇಳುವ ಅಧಿಕಾರ ಅಭಿಮಾನಿಗೆ ಇದ್ದೇ ಇದೆ.